ಬರೆಯದ ಕಾದಂಬರಿಯ ಕಾವಲುಗಾರ

ಕನ್ನಡದಲ್ಲಿ ಅಚ್ಚಾದ ಕಾದಂಬರಿಗಳಿಗಿಂತ ಬರೆಯದೆ ಉಳಿದವೇ ಹೆಚ್ಚು. ಗುಣದಲ್ಲೂ ಅವೇ ಒಂದು ಕೈ ಮೇಲು ಎನ್ನುವುದಕ್ಕೆ ಅವುಗಳ ಕರ್ತೃಗಳೇ ಸಾಕ್ಷಿ. ಬ್ಯಾಂಕಿನ ಕೌಂಟರಿನ ಹಿಂದೆ, ತಾಲ್ಲೂಕು ಕಚೇರಿಯ ಕಡತಗಳ ಮರೆಯಲ್ಲಿ, ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ, ವೈಟ್‌ಫೀಲ್ಡಿನ ಗಾಜಿನ ಕಟ್ಟಡಗಳಲ್ಲಿ ಕೂತ ಎಷ್ಟೋ ಜನರ ತಲೆಯೊಳಗೆ ಒಂದೊಂದು ಮೇರುಕೃತಿ ಇದೆ. ಅದಕ್ಕೆ ಹೆಸರಿಟ್ಟಾಗಿದೆ, ಮುಖಪುಟದ ಬಣ್ಣ ತೀರ್ಮಾನವಾಗಿದೆ, ಮುನ್ನುಡಿಗೆ ಯಾರನ್ನು ಕೇಳಬಾರದು ಎಂಬುದಂತೂ ಎಂದೋ ಖಚಿತವಾಗಿದೆ. ಬಾಕಿ ಇರುವುದು ಬರೆಯುವುದೊಂದೇ. ಏಕೆ ಬರೆದಿಲ್ಲವೆಂದು ಕೇಳಿದರೆ ಬೀದರಿನಿಂದ ಚಾಮರಾಜನಗರದವರೆಗೆ ಉತ್ತರ ಒಂದೇ: ಈ ಹಾಳು ನೌಕರಿ ಬಿಡುವು ಕೊಟ್ಟರೆ ತಾನೆ! ನನಗೆ ಈ ದೂರಿನಲ್ಲಿ ನಂಬಿಕೆಯಿಲ್ಲ. ನೌಕರಿ ಸಾಹಿತ್ಯವನ್ನು ಕೊಂದಿತು ಎನ್ನುವವರು ಕನ್ನಡ ಸಾಹಿತ್ಯದ ಚರಿತ್ರೆಯನ್ನು ಓದಿರಲಿಕ್ಕಿಲ್ಲ. ಬಹುಶಃ ಅದಕ್ಕೂ ಬಿಡುವಾಗಿಲ್ಲ. ಆ ಚರಿತ್ರೆಯ ಉದ್ದಕ್ಕೂ ಸಾಲುಗಟ್ಟಿ ನಿಂತಿರುವವರು ಎಲ್ಲೋ ಒಂದು ಕಡೆ ಕೆಲಸಕ್ಕಿದ್ದವರೇ.

ಆದಿಕವಿಯಿಂದಲೇ ಶುರು ಮಾಡೋಣ. ಪಂಪ ಅರಿಕೇಸರಿಯ ಆಸ್ಥಾನದಲ್ಲಿ ಕವಿ ಮಾತ್ರವಲ್ಲ, ಕತ್ತಿ ಹಿಡಿದವನೂ ಹೌದು. ‘ಆದಿಪುರಾಣ’ಕ್ಕೆ ಮೂರು ತಿಂಗಳು, ‘ವಿಕ್ರಮಾರ್ಜುನ ವಿಜಯ’ಕ್ಕೆ ಆರು ತಿಂಗಳು ಎಂದು ತಾನೇ ಲೆಕ್ಕ ಒಪ್ಪಿಸಿದ್ದಾನೆ, ಇಂದಿನ ಸಾಫ್ಟ್‌ವೇರ್ ಕಂಪನಿಗಳ ಟೈಮ್‌ಶೀಟಿನಲ್ಲೂ ಇಷ್ಟು ಚೊಕ್ಕ ನಮೂದು ಸಿಗಲಾರದು. ಗಂಗರ ಮಂತ್ರಿಯೂ ಸೇನಾಪತಿಯೂ ಆಗಿದ್ದ ಚಾವುಂಡರಾಯ 978ರಲ್ಲಿ ಗದ್ಯದಲ್ಲಿ ಒಂದು ಪುರಾಣ ಬರೆದು ಮುಗಿಸಿದ. ಅದು ಸಾಲದೆಂದು ಶ್ರವಣಬೆಳಗೊಳದ ಬೆಟ್ಟದ ಮೇಲೆ ಗೊಮ್ಮಟನನ್ನೂ ನಿಲ್ಲಿಸಿದ. ಚಾಲುಕ್ಯ ಜಯಸಿಂಹನ ಸಂಧಿವಿಗ್ರಹಿ ದುರ್ಗಸಿಂಹ, ಎಂದರೆ ಈಗಿನ ಲೆಕ್ಕದಲ್ಲಿ ವಿದೇಶಾಂಗ ಖಾತೆಯವನು, ಕನ್ನಡಕ್ಕೆ ತಂದದ್ದು ಪಂಚತಂತ್ರವನ್ನು. ಸಿಂಹದ ಕಿವಿಯಲ್ಲಿ ಚಾಡಿ ಹೇಳುವ ನರಿಗಳನ್ನು ನೋಡಲು ಅವನು ಕಾಡಿಗೆ ಹೋಗಬೇಕಿರಲಿಲ್ಲ, ಆಸ್ಥಾನಕ್ಕೆ ಹೋದರೆ ಸಾಕಿತ್ತು. ಇನ್ನು ಹನ್ನೆರಡನೆಯ ಶತಮಾನದ ಕಲ್ಯಾಣ. ಬಿಜ್ಜಳನ ಭಂಡಾರ ನೋಡಿಕೊಳ್ಳುತ್ತಿದ್ದ ಬಸವಣ್ಣ, ದೋಣಿ ನಡೆಸುತ್ತಿದ್ದ ಚೌಡಯ್ಯ, ಬಟ್ಟೆ ಮಡಿ ಮಾಡುತ್ತಿದ್ದ ಮಾಚಯ್ಯ, ಹಗ್ಗ ಹೊಸೆಯುತ್ತಿದ್ದ ಚಂದಯ್ಯ: ಇವರಲ್ಲಿ ಒಬ್ಬರೂ ವಚನ ಬರೆಯಬೇಕೆಂದು ಕಾಯಕಕ್ಕೆ ರಜೆ ಹಾಕಿದ ಸುದ್ದಿಯಿಲ್ಲ. ಚೌಡಯ್ಯನಂತೂ ಉದ್ಯೋಗವನ್ನು ಅಂಕಿತದೊಳಗೇ ಸೇರಿಸಿಕೊಂಡ. ವಚನ ಅಷ್ಟು ಅಡಕವಾಗಿರುವುದಕ್ಕೆ ಪಂಡಿತರು ಹಲವು ಕಾರಣ ಕೊಡುತ್ತಾರೆ. ಆಚೆ ದಡದಲ್ಲಿ ಜನ ಕಾಯುತ್ತಿದ್ದರು ಎಂಬುದನ್ನೂ ಆ ಪಟ್ಟಿಗೆ ಸೇರಿಸಬಹುದೆಂದು ನನ್ನ ಗುಮಾನಿ.

ಹೊಸಗನ್ನಡಕ್ಕೆ ಬಂದರೆ ಹಾಜರಿ ಪುಸ್ತಕ ಇನ್ನಷ್ಟು ದಪ್ಪವಾಗುತ್ತದೆ. ಮುದ್ದಣ ಉಡುಪಿಯಲ್ಲಿ ವ್ಯಾಯಾಮದ ಮೇಷ್ಟ್ರು. ಮಾಸ್ತಿ ಮೈಸೂರು ಸಂಸ್ಥಾನದ ಸಿವಿಲ್ ಸರ್ವಿಸ್‌ನಲ್ಲಿ ಅಮಲ್ದಾರಿಕೆ, ಅಬಕಾರಿ ಎಂದು ಊರೂರು ತಿರುಗುತ್ತಲೇ ಸಣ್ಣಕಥೆಗೆ ನೆಲೆ ಕಟ್ಟಿಕೊಟ್ಟರು. ಕನ್ನಡದ ದಂಪತಿಗಳಿಗೆ 1942ರಲ್ಲಿ ‘ಮೈಸೂರ ಮಲ್ಲಿಗೆ’ ಮುಡಿಸಿದ ಕೆ.ಎಸ್. ನರಸಿಂಹಸ್ವಾಮಿಯವರ ಹಗಲು ಸರ್ಕಾರಿ ಗುಮಾಸ್ತನ ಹಗಲು. ಭೂವಿಜ್ಞಾನ ಓದಿ ಅದೇ ಕೆಲಸಕ್ಕೆ ಸೇರಿದ ಇಬ್ಬರನ್ನು ಹೋಲಿಸಿ ನೋಡಿದರೆ ನೌಕರಿಯ ಪರವಾಗಿಯೂ ವಿರುದ್ಧವಾಗಿಯೂ ಏನೂ ಸಾಬೀತಾಗುವುದಿಲ್ಲ: ಕೈಲಾಸಂ ಕೆಲಸ ಬಿಟ್ಟು ನಗಿಸಿದರು, ನಿಸಾರ್ ಅಹಮದ್ ಬಿಡದೆ ಹಾಡಿಸಿದರು. ಮುಂಬಯಿಯ ಬೇಕಲೈಟ್ ಕಂಪನಿಯಲ್ಲಿ ದುಡಿಯುತ್ತಿದ್ದ ಯಶವಂತ ಚಿತ್ತಾಲರು ಕಂಪನಿಯ ಒಳಗಿನ ಹುನ್ನಾರಗಳನ್ನೇ ‘ಶಿಕಾರಿ’ಯಲ್ಲಿ ಬೇಟೆಯಾಡಿದರು, ಮನೆಯಲ್ಲೇ ಕೂತಿದ್ದರೆ ಆ ಕಾಡು ಅವರಿಗೆ ಸಿಗುತ್ತಿರಲಿಲ್ಲ. ಬ್ಯಾಂಕ್ ಅಧಿಕಾರಿಯಾಗಿದ್ದ ಎಚ್. ಡುಂಡಿರಾಜ್ ಹನಿಗವನವನ್ನು ಮನೆಮಾತು ಮಾಡಿದರು. ಚಲನ್ನಿನ ಹಿಂಬದಿಯಲ್ಲಿ ಹಿಡಿಸುವ ಕಾವ್ಯಪ್ರಕಾರ ಬೇರೆ ಯಾವ ಕಸುಬಿಗೆ ಒಲಿದೀತು? ಇವರೆಲ್ಲರನ್ನೂ ಮೀರಿಸುವ ಪಡೆ ಮೇಷ್ಟ್ರುಗಳದು. ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ ಮುಗಿಸಿದ್ದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಾಗಲೇ. ನವೋದಯಕ್ಕೆ ಇಂಗ್ಲಿಷ್ ಕಾವ್ಯದಿಂದ ಬಂದ ಪ್ರೇರಣೆಯ ಬಗ್ಗೆ ಬೇಕಾದಷ್ಟು ಪ್ರಬಂಧಗಳಿವೆ. ಬೇಸಿಗೆ ರಜೆಯಿಂದ ಬಂದ ಪ್ರೇರಣೆಯ ಬಗ್ಗೆ ಯಾರಾದರೂ ಪಿಎಚ್.ಡಿ. ಮಾಡಬೇಕು.

ಸಂಬಳವನ್ನು ಬಿಟ್ಟು ಸಂಭಾವನೆಯನ್ನೇ ನಂಬೋಣವೆಂದರೆ ಅದರ ಗಣಿತ ಕಷ್ಟದ್ದೇನಲ್ಲ. ಸಾವಿರ ಪ್ರತಿ ಅಚ್ಚು ಹಾಕಿಸುವ ಧೈರ್ಯದ ಪ್ರಕಾಶಕ ಸಿಕ್ಕ ಎಂದುಕೊಳ್ಳಿ. ಪುಸ್ತಕದ ಬೆಲೆ 200 ರೂಪಾಯಿ, ಗೌರವಧನ ಶೇಕಡಾ 10. ಒಂದೂ ಉಳಿಯದೆ ಖರ್ಚಾದರೆ ಲೇಖಕನಿಗೆ 20,000 ರೂಪಾಯಿ. ಕಾದಂಬರಿಗೆ ಮೂರು ವರ್ಷ ಹಿಡಿದಿದ್ದರೆ ತಿಂಗಳಿಗೆ ಸುಮಾರು 555. ಅದರಲ್ಲೂ ಒಂದು ಪಾಲು ಪುಸ್ತಕದ ರೂಪದಲ್ಲೇ ಕೈಸೇರಿದರೆ ಅದನ್ನು ಪುಕ್ಕಟೆ ಹಂಚಲು ಕೊರಿಯರ್ ಖರ್ಚು ಬೇರೆ. ಸರ್ಕಾರ ಕೂಡ ಇದನ್ನು ಅರಿತೇ ಇದ್ದಂತಿದೆ. ಕೇಂದ್ರ ಸರ್ಕಾರಿ ನೌಕರರ 1964ರ ನಡತೆ ನಿಯಮಗಳ ಪ್ರಕಾರ ಆಗೊಮ್ಮೆ ಈಗೊಮ್ಮೆ ಸಾಹಿತ್ಯದ ಕೆಲಸ ಮಾಡಲು ಮೊದಲೇ ಅಪ್ಪಣೆ ಪಡೆಯಬೇಕಾಗಿಲ್ಲ. ಅದರಿಂದ ಕಚೇರಿಯ ಕೆಲಸ ಕೆಡಬಾರದು, ಅಷ್ಟೆ. ಇಡೀ ನಿಯಮಾವಳಿಯಲ್ಲಿ ನೌಕರರು ಚಾಚೂ ತಪ್ಪದೆ ಪಾಲಿಸುವ ನಿಯಮ ಇದೊಂದೇ ಇರಬೇಕು. ಆಗೊಮ್ಮೆ ಈಗೊಮ್ಮೆ ಎಂಬುದನ್ನು ಅವರು ಎಷ್ಟು ಶ್ರದ್ಧೆಯಿಂದ ನಡೆಸಿಕೊಡುತ್ತಾರೆಂದರೆ ಒಂದು ಬಾರಿಗೂ ಇನ್ನೊಂದು ಬಾರಿಗೂ ನಡುವೆ ಎರಡು ವೇತನ ಆಯೋಗಗಳು ಬಂದು ಹೋಗುತ್ತವೆ.

ಇಲ್ಲಿ ಯಾರಾದರೂ ಎದ್ದು ನಿಂತು, ಕೆಲಸ ಬಿಟ್ಟೇ ದೊಡ್ಡವರಾದವರೂ ಇದ್ದಾರಲ್ಲ ಎನ್ನುತ್ತಾರೆ. ಇದ್ದಾರೆ. ಹೊಯ್ಸಳರ ಅರಮನೆಯಲ್ಲಿ ಕರಣಿಕನಾಗಿದ್ದ ಹರಿಹರ ಲೆಕ್ಕದ ಕಡತ ಕೆಳಗಿಟ್ಟು ಹಂಪೆಗೆ ನಡೆದನೆಂದು ಐತಿಹ್ಯ. ರಾಜೀನಾಮೆ ಪತ್ರವನ್ನು ಮನಸ್ಸಿನಲ್ಲೇ ಬರೆದು ಬರೆದು ತಿದ್ದುವ ನೌಕರರಿಗೆಲ್ಲ ಅವನೇ ಕುಲದೈವ. ಆದರೆ ಹಂಪೆಯಲ್ಲಿ ಅವನು ಮಾಡಿದ್ದೇನು? ಶರಣರನ್ನು ಒಬ್ಬೊಬ್ಬರಂತೆ ಹಿಡಿದು ನೂರಕ್ಕೂ ಮಿಕ್ಕಿ ರಗಳೆ ಬರೆದ. ದೊರೆಯ ಕೈಕೆಳಗಿನ ಗುಮಾಸ್ತಿಕೆಗಿಂತ ವಿರೂಪಾಕ್ಷನ ಕೈಕೆಳಗಿನ ಗುಮಾಸ್ತಿಕೆ ಹಗುರವಾಗಿತ್ತೆಂದು ನನಗೆ ತೋರುವುದಿಲ್ಲ. ಕಾರಂತರು ಯಾರ ಕೈಕೆಳಗೂ ದುಡಿಯಲಿಲ್ಲ, ನಿಜ. ಆದರೆ ಪುತ್ತೂರಿನಲ್ಲಿ ಮುದ್ರಣಾಲಯ, ಮಕ್ಕಳಿಗೆ ಬಾಲವನ, ಯಕ್ಷಗಾನದ ಮೇಳ, ವಿಶ್ವಕೋಶ ಎಂದು ಐದಾರು ಜನರ ಉದ್ಯೋಗ ಒಬ್ಬರೇ ಹೊತ್ತಿದ್ದರು. ಲಂಕೇಶರು ಇಂಗ್ಲಿಷ್ ಮೇಷ್ಟ್ರ ಕೆಲಸ ಬಿಟ್ಟು 1980ರಲ್ಲಿ ವಾರಪತ್ರಿಕೆ ತೆಗೆದರು. ಕಾಲೇಜಿನಲ್ಲಾದರೆ ಮೇಷ್ಟ್ರು ಬಾರದಿದ್ದರೆ ಹುಡುಗರು ಹಿಗ್ಗುತ್ತಾರೆ. ಪತ್ರಿಕೆ ಒಂದು ವಾರ ಬಾರದಿದ್ದರೆ ಏಜೆಂಟರು ಬಾಗಿಲಿಗೆ ಬರುತ್ತಾರೆ. ತೇಜಸ್ವಿ ಮೂಡಿಗೆರೆಯ ತೋಟದಲ್ಲಿ ಸ್ವತಂತ್ರವಾಗಿದ್ದರಲ್ಲ ಎನ್ನುವವರು ಕಾಫಿ ಹಣ್ಣು ಕೊಯ್ಯುವ ಕಾಲದಲ್ಲಿ ಒಂದು ವಾರ ಮಲೆನಾಡಿನಲ್ಲಿದ್ದು ಬರಲಿ. ಅನಕೃ ಲೇಖನಿಯನ್ನೇ ನಂಬಿ ಬದುಕಿದರು, ಅದರಿಂದಾಗಿಯೇ ನೂರಕ್ಕೂ ಹೆಚ್ಚು ಕಾದಂಬರಿ ಬರೆಯಬೇಕಾಯಿತು. ನೌಕರಿ ಬಿಟ್ಟವರಿಗೆ ಸಿಕ್ಕಿದ್ದು ಬಿಡುವಲ್ಲ. ಮೊದಲಿನವನಿಗಿಂತ ಬಿರುಸಾದ ಒಬ್ಬ ಯಜಮಾನ.

ಆ ಕಾಲ ಬೇರೆ, ಈ ಕಾಲ ಬೇರೆ ಎಂಬ ಆಕ್ಷೇಪಣೆಯಲ್ಲಿ ಹುರುಳಿದೆ. ಮಾಸ್ತಿಯವರ ಕಾಲದಲ್ಲಿ ಕಚೇರಿಗೆ ಬೀಗ ಹಾಕಿದರೆ ಅದು ಒಳಗೇ ಉಳಿಯುತ್ತಿತ್ತು. ಈಗ ಅದು ಜೇಬಿನಲ್ಲಿ ಕೂತು ಮನೆಗೆ ಬಂದು, ಊಟದ ತಟ್ಟೆಯ ಪಕ್ಕದಲ್ಲಿ ಗುಂಯ್ ಎನ್ನುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ದಿನವೂ ಸಿಕ್ಕಿಕೊಂಡವನಿಗೆ ರಾತ್ರಿ ಕುಮಾರವ್ಯಾಸನ ಉತ್ಸಾಹ ಇರಬೇಕೆಂದು ಬಯಸುವುದು ಕ್ರೌರ್ಯ. ಒಪ್ಪಿದೆ. ಆದರೆ ವಾರಕ್ಕೆರಡು ದಿನ ರಜೆ ಎಂಬ ಸೌಭಾಗ್ಯ ಮಾಸ್ತಿಯವರಿಗಿರಲಿಲ್ಲ, ಅದು ಇರುವುದು ಈ ಕಾಲದ ಕಂಪನಿಯವರಿಗೆ. ಆ ಎರಡು ದಿನಗಳಲ್ಲಿ ಕಾದಂಬರಿ ಎಷ್ಟು ಪುಟ ಮುಂದಕ್ಕೆ ಹೋಯಿತು? ಶನಿವಾರ ನಿದ್ದೆಗೆ, ಭಾನುವಾರ ಬೆಳಗ್ಗೆ ದೋಸೆಯ ಸಾಲಿಗೆ, ಮಧ್ಯಾಹ್ನ ಮತ್ತೆ ನಿದ್ದೆಗೆ, ಸಂಜೆ ಸೋಮವಾರದ ಸಂಕಟಕ್ಕೆ. ಬಿಡುವು ಇಲ್ಲದ ಮಂಗಳವಾರ ಹೊಳೆದಷ್ಟು ಸಾಲುಗಳು ಬಿಡುವಿದ್ದ ಭಾನುವಾರ ಹೊಳೆಯುವುದಿಲ್ಲ ಎಂಬುದನ್ನು ಯಾವ ನೌಕರ ಲೇಖಕನೂ ಅಲ್ಲಗಳೆಯಲಾರ. ಮೀಟಿಂಗಿನಲ್ಲಿ ಮೇಲಧಿಕಾರಿ ಪ್ರಗತಿ ವರದಿ ಓದುತ್ತಿರುವಾಗ ಡೈರಿಯ ಅಂಚಿನಲ್ಲಿ ಎಷ್ಟು ಚುಟುಕಗಳು ಹುಟ್ಟಿವೆಯೋ!

ನನ್ನ ವಾದವನ್ನು ನಿಜಕ್ಕೂ ಅಲುಗಿಸುವ ಆಕ್ಷೇಪಣೆ ಬೇರೆ ಇದೆ. ಮೇಲಿನ ಪಟ್ಟಿಯನ್ನು ಇನ್ನೊಮ್ಮೆ ಓದಿ: ಗಂಡಸರೇ. ಇವರಲ್ಲಿ ಬಹುಮಂದಿ ಕಚೇರಿಯಿಂದ ಬಂದು ಮೇಜಿನ ಮುಂದೆ ಕೂತಾಗ ಯಾರೋ ಕಾಫಿ ತಂದಿಟ್ಟಿದ್ದಾರೆ, ಯಾರೋ ಮಕ್ಕಳಿಗೆ ಗದ್ದಲ ಮಾಡಬೇಡಿ ಎಂದಿದ್ದಾರೆ. ಆ ಯಾರೋ ಎಂಬವರಿಗೂ ಒಂದು ನೌಕರಿ ಇತ್ತು. ಅದಕ್ಕೆ ಸಂಬಳವಿಲ್ಲ, ಸಾಂದರ್ಭಿಕ ರಜೆಯಿಲ್ಲ, ಅರವತ್ತಾದರೂ ನಿವೃತ್ತಿಯಿಲ್ಲ. ಎಂ.ಕೆ. ಇಂದಿರಾ ಅವರ ‘ತುಂಗಭದ್ರಾ’ ಬಂದದ್ದು 1963ರಲ್ಲಿ, ಅವರು ನಲವತ್ತೈದು ದಾಟಿದ ಮೇಲೆ. ಅದಕ್ಕೂ ಮುಂಚಿನ ವರ್ಷಗಳು ಯಾವ ಕಚೇರಿಯಲ್ಲಿ ಕಳೆದವೆಂದು ಬಿಡಿಸಿ ಹೇಳಬೇಕಾಗಿಲ್ಲ. ಅನುಪಮಾ ನಿರಂಜನ ವೈದ್ಯವೃತ್ತಿ ನಡೆಸುತ್ತ, ಸಂಸಾರ ನಡೆಸುತ್ತ, ಕಾದಂಬರಿಗಳನ್ನು ಬರೆದದ್ದಲ್ಲದೆ ಮಕ್ಕಳಿಗಾಗಿ ‘ದಿನಕ್ಕೊಂದು ಕಥೆ’ಯನ್ನೂ ಬರೆದರು. ಒಂದೇ ನೌಕರಿ ಮಾಡುತ್ತ ವರ್ಷಕ್ಕೊಂದು ಕಥೆಯೂ ಆಗಲಿಲ್ಲವೆನ್ನುವವರು ಆ ಪುಸ್ತಕದ ಹೆಸರನ್ನು ಮೆಲ್ಲಗೆ ಓದಿಕೊಂಡರೆ ಸಾಕು. ನೌಕರಿ ಬರವಣಿಗೆಗೆ ಅಡ್ಡಿಯಲ್ಲ ಎಂಬ ನನ್ನ ಮಾತು ಒಂದು ನೌಕರಿಗೆ ಮಾತ್ರ ಅನ್ವಯಿಸುತ್ತದೆ. ಎರಡು ಪಾಳಿ ದುಡಿಯುವವರ ಮುಂದೆ ಅದನ್ನು ಹೇಳುವ ಧೈರ್ಯ ನನಗಿಲ್ಲ.

ಒಂದೇ ಪಾಳಿಯವರ ವಿಷಯಕ್ಕೆ ಬಂದರೆ, ನೌಕರಿ ಅವರಿಗೆ ಮಾಡುವ ಮಹದುಪಕಾರ ಸಂಬಳವೂ ಅಲ್ಲ, ಅನುಭವವೂ ಅಲ್ಲ. ಬರೆದ ಕಾದಂಬರಿಗೆ ವಿಮರ್ಶಕರ ಕಾಟ, ಓದುಗರ ಮೌನದ ಕಾಟ, ರದ್ದಿ ಅಂಗಡಿಯ ಭಯ. ಬರೆಯದ ಕಾದಂಬರಿಗೆ ಇದಾವುದೂ ಇಲ್ಲ. ನೌಕರಿ ಅದರ ಬಾಗಿಲಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಾವಲು ನಿಂತು, ಒಳಗೆ ಮಹಾಕೃತಿ ಇದೆ, ಯಜಮಾನರಿಗೆ ಪುರುಸೊತ್ತಿಲ್ಲ ಎಂದು ಬಂದವರಿಗೆಲ್ಲ ಹೇಳುತ್ತದೆ. ಇಂಥ ಕಾವಲುಗಾರನಿಗೆ ಲೇಖಕನೇ ಸಂಬಳ ಕೊಡಬೇಕಿತ್ತು. ಪುಣ್ಯಕ್ಕೆ ಅವನೇ ಲೇಖಕನಿಗೆ ಕೊಡುತ್ತಿದ್ದಾನೆ. ಅಪಾಯ ಬರುವುದು ನಿವೃತ್ತಿಯ ದಿನ. ಮಾಸ್ತಿ ಕೆಲಸ ಬಿಟ್ಟ ಮೇಲೆ ‘ಚೆನ್ನಬಸವನಾಯಕ’, ‘ಚಿಕವೀರ ರಾಜೇಂದ್ರ’ ಬರೆದರು. ಕುವೆಂಪು ‘ಮಲೆಗಳಲ್ಲಿ ಮದುಮಗಳು’ ಹೊರತಂದದ್ದೂ ಕುಲಪತಿ ಹುದ್ದೆಯಿಂದ ಇಳಿದ ಮೇಲೆ. ಆದರೆ ಅವರ ಕೈ ಅಲ್ಲಿಯವರೆಗೆ ಒಂದು ದಿನವೂ ಒಣಗಿರಲಿಲ್ಲ. ಉಳಿದವರಿಗೆ ಹಾರ, ಶಾಲು, ಹಣ್ಣಿನ ಬುಟ್ಟಿಯ ಜೊತೆಗೆ ಇಪ್ಪತ್ತನಾಲ್ಕು ಗಂಟೆಯ ಬಿಡುವೂ ಸಿಕ್ಕಿ, ಕಾದಂಬರಿ ಎಲ್ಲಿ ಎಂದು ಹೆಂಡತಿ ಮಕ್ಕಳು ಕೇಳುವ ಪರಿಸ್ಥಿತಿ ಬರುತ್ತದೆ. ದೂರದೃಷ್ಟಿಯುಳ್ಳವರು ಇದಕ್ಕೆ ಆರು ತಿಂಗಳು ಮೊದಲೇ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ಸ್ಥಾನಕ್ಕೆ ಹೆಸರು ಕೊಟ್ಟಿರುತ್ತಾರೆ. ನೀರಿನ ಟ್ಯಾಂಕರು, ಲಿಫ್ಟಿನ ರಿಪೇರಿ, ನಾಯಿ ಸಾಕಿದವರಿಗೂ ಸಾಕದವರಿಗೂ ಇರುವ ವೈಮನಸ್ಯ ಇವೆಲ್ಲ ಸೇರಿದರೆ ಇನ್ನು ಹತ್ತು ವರ್ಷ ಯಾರೂ ಕಾದಂಬರಿಯ ಸುದ್ದಿ ಎತ್ತುವಂತಿಲ್ಲ.