ಹೊಟ್ಟೆ ಕಂಡಿತು, ಪಾಪಿ ಸಿಕ್ಕ

ಕ್ರೈಸ್ತರ ಏಳು ಮಹಾಪಾಪಗಳಲ್ಲಿ ಆರಕ್ಕೆ ಒಳ್ಳೆಯ ದರ್ಜಿ ಸಿಕ್ಕಿದ್ದಾನೆ. ಅಹಂಕಾರಕ್ಕೆ ಕೋಟು ಟೈ ಹಾಕಿಸಿದರೆ ಅದು ಸಭೆಯ ಹಿರಿಯರ ಗಾಂಭೀರ್ಯ. ದುರಾಸೆಗೆ ‘ದೇವರ ಆಶೀರ್ವಾದ’ ಎಂದು ಹೆಸರಿಟ್ಟು ಹೊಸ ಕಾರಿನ ಹಿಂದಿನ ಗಾಜಿಗೆ ಅಂಟಿಸಬಹುದು. ಕೋಪ ಪ್ರಸಂಗಪೀಠ ಹತ್ತಿದರೆ ಧರ್ಮೋತ್ಸಾಹ. ಹೊಟ್ಟೆಕಿಚ್ಚನ್ನು ‘ಪಾಪ, ಆ ಸಹೋದರಿಗಾಗಿ ಸ್ವಲ್ಪ ಪ್ರಾರ್ಥನೆ ಮಾಡಿ’ ಎಂಬ ಮಾತಿನಲ್ಲಿ ಸುತ್ತಿ ಊರಿಗೆಲ್ಲ ಹಂಚಬಹುದು. ಸೋಮಾರಿತನ ಕಣ್ಣು ಮುಚ್ಚಿ ಕೂತರೆ ಧ್ಯಾನ. ಕಾಮಕ್ಕೆ ಮೊಬೈಲಿನ ಪಾಸ್‌ವರ್ಡ್ ಇದೆ. ಉಳಿದದ್ದು ಹೊಟ್ಟೆಬಾಕತನ. ಅದರ ಅಳತೆಗೆ ಮಾತ್ರ ಯಾವ ದರ್ಜಿಯೂ ಅಂಗಿ ಹೊಲಿಯಲಾರ. ಬೊಜ್ಜು ಬಾಗಿಲಲ್ಲೇ ಸಾಕ್ಷಿ ಹೇಳಿಬಿಡುತ್ತದೆ, ಅಥವಾ ಹಾಗೆಂದು ಮುಂದಿನ ಬೆಂಚಿನವರು ನಂಬಿದ್ದಾರೆ.

ದಪ್ಪಗಿರುವುದು ಪಾಪವೇ ಎಂಬ ಪ್ರಶ್ನೆ ಅಮೆರಿಕದ ಚರ್ಚುಗಳಲ್ಲಿ ಇಷ್ಟು ಬಿಸಿಯಾಗಿ ಬೇಯುತ್ತಿರುವುದು ಇದಕ್ಕೇ. ಕಣ್ಣಿಗೆ ಕಾಣುವ ಪಾಪಿ ಒಬ್ಬನಾದರೂ ಬೇಕಲ್ಲ!

ಕ್ಯಾಲಿಫೋರ್ನಿಯಾದ ಸ್ಯಾಡಲ್‌ಬ್ಯಾಕ್ ಚರ್ಚಿನ ಆಗಿನ ಪಾಸ್ಟರ್ ರಿಕ್ ವಾರೆನ್ ಅವರಿಗೆ ಈ ಜ್ಞಾನೋದಯವಾದದ್ದು ನೀರಿನಲ್ಲಿ. ಒಂದೇ ದಿನ ಎಂಟುನೂರಕ್ಕೂ ಹೆಚ್ಚು ಜನರಿಗೆ ದೀಕ್ಷಾಸ್ನಾನ ಮಾಡಿಸುತ್ತಿದ್ದರು. ಮುಳುಗಿಸುವುದು ಸುಲಭ, ಎತ್ತುವುದು ಕಷ್ಟ. ಎತ್ತಿ ಎತ್ತಿ ರಟ್ಟೆ ಸೋತ ಮೇಲೆ, ತನ್ನ ಮಂದೆ ಭಾರೀ ಮಂದೆ ಎಂದು ಕುರುಬನಿಗೆ ಹೊಳೆಯಿತು. ತಾನೇನೂ ಹತ್ತಿಯ ಮೂಟೆಯಲ್ಲ ಎಂಬುದೂ ಹೊಳೆಯಿತು; ಅದನ್ನು ಒಪ್ಪಿಕೊಂಡದ್ದು ಅವರ ದೊಡ್ಡತನ. 2011ರಲ್ಲಿ ‘ದಾನಿಯೇಲ ಯೋಜನೆ’ ಶುರುವಾಯಿತು. ಟಿವಿಯಲ್ಲಿ ಹೆಸರು ಮಾಡಿದ ಮೂವರು ವೈದ್ಯರು ಬಂದರು. ಮೊದಲ ವರ್ಷ 15,000 ಜನ ಸೇರಿ ಎರಡೂವರೆ ಲಕ್ಷ ಪೌಂಡ್ ಇಳಿಸಿದರು ಎಂದು ಚರ್ಚೇ ಲೆಕ್ಕ ಕೊಟ್ಟಿತು. ಆತ್ಮಗಳ ಲೆಕ್ಕ ಇಡುತ್ತಿದ್ದ ಕಡತದಲ್ಲಿ ಪೌಂಡುಗಳಿಗೂ ಒಂದು ಕಾಲಂ ಬಂತು. ಜನ ಆರೋಗ್ಯವಾಗಿದ್ದರೆ ಯಾರಿಗೇನು ನಷ್ಟ? ನನ್ನ ತಕರಾರು ಹೆಸರಿನ ಬಗ್ಗೆ.

ದಾನಿಯೇಲನ ಗ್ರಂಥದ ಮೊದಲ ಅಧ್ಯಾಯವನ್ನು ಯಾರಾದರೂ ಕೊನೆಯವರೆಗೆ ಓದಿದ್ದರೋ ಇಲ್ಲವೋ. ಬಾಬಿಲೋನಿನ ಅರಮನೆಯ ಊಟ ತಿಂದರೆ ಮೈಲಿಗೆ ಎಂದು ದಾನಿಯೇಲ ಮತ್ತು ಅವನ ಮೂವರು ಗೆಳೆಯರು ಹತ್ತು ದಿನ ಬರೀ ಕಾಯಿಪಲ್ಯ ತಿಂದು ನೀರು ಕುಡಿದರು. ಅರಮನೆಯ ಮುಖ್ಯ ಅಧಿಕಾರಿಗೋ ಒಂದೇ ಭಯ: ಹುಡುಗರು ಬಡಕಲಾದರೆ ರಾಜ ನನ್ನ ತಲೆ ತೆಗೆಯುತ್ತಾನೆ. ಹತ್ತನೆಯ ದಿನ ಸಾಲಾಗಿ ನಿಲ್ಲಿಸಿ ನೋಡಿದರೆ, ಅರಮನೆಯ ಮಾಂಸ ತಿಂದವರಿಗಿಂತ ಈ ನಾಲ್ವರೇ ಮೈಕೈ ತುಂಬಿಕೊಂಡು ಗುಂಡಗುಂಡಗೆ ಕಾಣುತ್ತಿದ್ದರು. ಅದೇ ಪವಾಡ! ಅದಕ್ಕೇ ಅವರು ಪಾಸಾದದ್ದು. ಈ ದಾನಿಯೇಲನ ಹೆಸರಿನಲ್ಲಿ ತೂಕ ಇಳಿಸುವ ಯೋಜನೆ ನಡೆಸುವುದೆಂದರೆ ಕುಂಭಕರ್ಣನ ಹೆಸರಿನಲ್ಲಿ ನಿದ್ದೆ ಬಿಡಿಸುವ ಶಿಬಿರ ನಡೆಸಿದ ಹಾಗೆ.

ಬೈಬಲಿನಲ್ಲಿ ದಪ್ಪ ಎಂದು ಬಾಯಿಬಿಟ್ಟು ಹೇಳಿಸಿಕೊಂಡವರು ಬೆರಳೆಣಿಕೆಯಷ್ಟು ಮಂದಿ. ಒಬ್ಬ ಮೋವಾಬಿನ ರಾಜ ಎಗ್ಲೋನ. ಏಹೂದ ಎಂಬ ಎಡಚ ಅವನ ಹೊಟ್ಟೆಗೆ ಕತ್ತಿ ತಿವಿದಾಗ ಹಿಡಿಯೂ ಒಳಗೆ ಹೋಗಿ ಕೊಬ್ಬು ಮುಚ್ಚಿಕೊಂಡಿತಂತೆ. ನ್ಯಾಯಸ್ಥಾಪಕರ ಗ್ರಂಥದ ಲೇಖಕ ಇದನ್ನು ಚಪ್ಪರಿಸಿಕೊಂಡು ಬರೆದಿದ್ದಾನೆ, ಸಂದೇಹವಿಲ್ಲ. ಆದರೆ ಎಗ್ಲೋನನ ಅಪರಾಧ ಇಸ್ರಾಯೇಲರನ್ನು 18 ವರ್ಷ ತುಳಿದು ಕಪ್ಪ ವಸೂಲಿ ಮಾಡಿದ್ದು. ಇನ್ನೊಬ್ಬ ಮುದಿ ಯಾಜಕ ಏಲಿ. ಪೀಠದಿಂದ ಹಿಂದಕ್ಕೆ ಬಿದ್ದು ಕತ್ತು ಮುರಿದು ಸತ್ತ, ಭಾರದ ಆಳು. ಅವನ ಮೇಲಿನ ದೂರೂ ಸೊಂಟದ ಸುತ್ತಳತೆಯದಲ್ಲ. ದೇವರಿಗೆ ಸಲ್ಲಬೇಕಾದ ಬಲಿಯ ಒಳ್ಳೆಯ ಭಾಗವನ್ನು ಅವನ ಮಕ್ಕಳು ಲಪಟಾಯಿಸುತ್ತಿದ್ದರು, ಅಪ್ಪ ಬಾಯಲ್ಲಿ ಗದರಿ ಸುಮ್ಮನಾದ, ತಡೆಯಲಿಲ್ಲ. ಇಂದಿನ ಭಾಷೆಯಲ್ಲಿ ಟ್ರಸ್ಟಿನ ಹಣದ ದುರುಪಯೋಗ. ಈ ಭಾಗದ ಮೇಲೆ ಪ್ರಸಂಗ ಮಾಡುವುದಕ್ಕಿಂತ ಏಲಿಯ ತೂಕದ ಮೇಲೆ ಮಾಡುವುದು ಕ್ಷೇಮ ಎಂದು ಬುದ್ಧಿವಂತರು ತಿಳಿದಿದ್ದಾರೆ.

ಅಂದ ಹಾಗೆ, ಹೊಟ್ಟೆಬಾಕ ಎಂದು ಬೈಸಿಕೊಂಡವರಲ್ಲಿ ಸ್ವತಃ ಯೇಸುವೂ ಇದ್ದಾನೆ. ಬೈದವರು ಅವನು ಯಾರ ಮನೆಯಲ್ಲಿ, ಯಾರ ಪಕ್ಕ ಕೂತು ಊಟ ಮಾಡುತ್ತಾನೆ ಎಂದು ಇಣುಕಿ ನೋಡುತ್ತಿದ್ದ ಧರ್ಮಿಷ್ಠರು.

ಹಾಗಾದರೆ ಹೊಟ್ಟೆಬಾಕತನ ಪಾಪಗಳ ಪಟ್ಟಿಗೆ ಹತ್ತಿದ್ದು ಹೇಗೆ? ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಸನ್ಯಾಸಿ ಇವಾಗ್ರಿಯಸ್ ಎಂಟು ಕೆಟ್ಟ ಯೋಚನೆಗಳ ಪಟ್ಟಿ ಮಾಡಿ ಇದನ್ನು ಮೊದಲಿಗೆ ಇಟ್ಟ. ಅವನ ವಿವರಣೆ ಓದಿದರೆ ಬೆಚ್ಚಬೇಕು. ಹೊಟ್ಟೆಬಾಕತನದ ಪಿಶಾಚಿ ಬಂದು ಬಿರಿಯಾನಿಯ ಆಸೆ ತೋರಿಸುತ್ತದೆ ಎಂದು ನೀವು ಊಹಿಸುತ್ತೀರಿ. ಇಲ್ಲ. ಅದು ಬಂದು ಸನ್ಯಾಸಿಯ ಕಿವಿಯಲ್ಲಿ ಆರೋಗ್ಯದ ಮಾತು ಆಡುತ್ತದೆ. ನಿನ್ನ ಹೊಟ್ಟೆ ಹಾಳಾದೀತು, ಯಕೃತ್ತು ಗುಲ್ಮ ಕೆಟ್ಟಾವು, ಜಲೋದರ ಬಂದೀತು, ಇಲ್ಲಿ ಡಾಕ್ಟರೂ ಇಲ್ಲವಲ್ಲಪ್ಪ ಎಂದು ಹೆದರಿಸುತ್ತದೆ. ಮೈಯ ಬಗ್ಗೆ ಹಗಲಿರುಳೂ ಚಿಂತಿಸುವಂತೆ ಮಾಡುವುದೇ ಅದರ ಕಸುಬು. ಆ ಪಿಶಾಚಿ ಇವತ್ತು ಕೈಗಡಿಯಾರದೊಳಗೆ ಕೂತು, ಎಷ್ಟು ಹೆಜ್ಜೆ ನಡೆದೆ, ಎಷ್ಟು ಕ್ಯಾಲರಿ ಕರಗಿತು ಎಂದು ಗಂಟೆಗೊಮ್ಮೆ ಮಣಿಕಟ್ಟಿನಲ್ಲಿ ನಡುಗುತ್ತಿದೆ. (ಪಿಶಾಚಿಯ ಮಾತು ಪೂರ್ತಿ ಸುಳ್ಳೂ ಆಗಿರಲಿಲ್ಲ: ಇವಾಗ್ರಿಯಸ್‌ಗೆ ಕೊನೆಗಾಲದಲ್ಲಿ ಹೊಟ್ಟೆ ಕೆಟ್ಟು ಬೇಯಿಸಿದ ಆಹಾರಕ್ಕೆ ಮರಳಬೇಕಾಯಿತು.)

ಆರನೆಯ ಶತಮಾನದ ಕೊನೆಗೆ ಪೋಪ್ ಗ್ರೆಗರಿ ಪಟ್ಟಿಯನ್ನು ಏಳಕ್ಕೆ ಇಳಿಸಿ, ಹೊಟ್ಟೆಬಾಕತನಕ್ಕೆ ಐದು ದಾರಿ ತೋರಿಸಿದ. ಹೊತ್ತಿಗೆ ಮೊದಲೇ ತಿನ್ನುವುದು, ದುಬಾರಿಯದೇ ಬೇಕೆನ್ನುವುದು, ಅತಿಯಾಗಿ ತಿನ್ನುವುದು, ಆತುರಪಟ್ಟು ಮುಕ್ಕುವುದು, ನಾಜೂಕಾಗಿ ಹೀಗೇ ಇರಬೇಕೆಂದು ಹಟ ಹಿಡಿಯುವುದು. ಐದರಲ್ಲಿ ಪ್ರಮಾಣಕ್ಕೆ ಸಂಬಂಧಿಸಿದ್ದು ಒಂದೇ ಒಂದು! ಉಳಿದ ನಾಲ್ಕನ್ನೂ ಸಾಧಿಸಿಕೊಂಡು ಬಳ್ಳಿಯಂತೆ ಬಳುಕುತ್ತಿರಬಹುದು. ಬಾದಾಮಿ ಹಾಲೇ ಆಗಬೇಕು, ಅವಕಾಡೊ ಇವತ್ತೇ ಹಣ್ಣಾಗಿರಬೇಕು, ಮೊಟ್ಟೆಯಲ್ಲಿ ಹಳದಿ ಇರಕೂಡದು, ತಟ್ಟೆಯ ಫೋಟೊ ತೆಗೆಯುವವರೆಗೆ ಯಾರೂ ಕೈ ಹಾಕಕೂಡದು ಎನ್ನುವ ಸಪೂರ ಸಹೋದರ ಗ್ರೆಗರಿಯ ಲೆಕ್ಕದಲ್ಲಿ ದುಬಾರಿ, ನಾಜೂಕು ಎರಡೂ ಕಲಮಿನಡಿ ಬುಕ್ ಆಗುತ್ತಾನೆ. ಲೇಖಕ ಸಿ.ಎಸ್. ಲೂಯಿಸ್ 1942ರಲ್ಲೇ ಇಂಥವರ ಕತೆ ಮುಗಿಸಿದ್ದ. ಅವನ ಸ್ಕ್ರೂಟೇಪ್ ಎಂಬ ಹಿರಿಯ ದೆವ್ವ ಒಬ್ಬ ಮುದುಕಿಯನ್ನು ಹೊಗಳುತ್ತದೆ. ಆಕೆಗೆ ಬೇಕಾದದ್ದು ಒಂದು ಕಪ್ ಟೀ, ಒಂದು ಚೂರು ಟೋಸ್ಟ್ ಅಷ್ಟೇ. ಆದರೆ ಅದು ತನಗೆ ಬೇಕಾದ ಹಾಗೇ ಇರಬೇಕೆಂದು ಇಡೀ ಮನೆಯನ್ನು ಕುಣಿಸುತ್ತಾಳೆ. ಇಷ್ಟು ಕಡಿಮೆ ತಿಂದು ಇಷ್ಟು ಒಳ್ಳೆಯ ಹೊಟ್ಟೆಬಾಕಿ ನರಕಕ್ಕೂ ಅಪರೂಪ.

ಇದನ್ನೆಲ್ಲ ಹದಿಮೂರನೆಯ ಶತಮಾನದಲ್ಲಿ ಕೂಲಂಕಷವಾಗಿ ವಿಚಾರಣೆಗೆ ತೆಗೆದುಕೊಂಡವನು ದೇವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್. ಪಾಪ ಇರುವುದು ಅಂಕೆ ಮೀರಿದ ಆಸೆಯಲ್ಲಿ ಎಂದ. ಇಷ್ಟು ಬೇಕಾಗುತ್ತದೆ ಎಂದುಕೊಂಡು ಲೆಕ್ಕ ತಪ್ಪಿ ಹೆಚ್ಚು ತಿಂದವನದು ಅನುಭವದ ಕೊರತೆಯೇ ಹೊರತು ಹೊಟ್ಟೆಬಾಕತನವಲ್ಲ ಎಂದೂ ಸೇರಿಸಿದ. ಮದುವೆಮನೆಯಲ್ಲಿ ಮೂರನೆಯ ಹೋಳಿಗೆಗೆ ತುಪ್ಪ ಹಾಕಿಸಿಕೊಂಡವರು ಈ ಕಲಮನ್ನು ಬರೆದಿಟ್ಟುಕೊಳ್ಳಬಹುದು. ಅಕ್ವಿನಾಸ್ ಸ್ವತಃ ಭಾರೀ ದೇಹದವನು. ಅವನು ಕೂರಲೆಂದು ಊಟದ ಮೇಜನ್ನು ಅರ್ಧಚಂದ್ರದಂತೆ ಕೊರೆದಿದ್ದರು ಎಂಬ ಕತೆ ಇಂದಿಗೂ ಓಡಾಡುತ್ತದೆ. ಕತೆ ನಿಜವಲ್ಲದಿದ್ದರೂ ಹೊಟ್ಟೆ ನಿಜ. 1323ರಲ್ಲಿ ಅವನಿಗೆ ಸಂತ ಪದವಿ ಕೊಡುವಾಗ ಯಾರೂ ತಕ್ಕಡಿ ತರಿಸಲಿಲ್ಲ.

ತಕ್ಕಡಿ ತಂದದ್ದು ಅಮೆರಿಕ. 1957ರಲ್ಲಿ ಚಾರ್ಲಿ ಶೆಡ್ ಎಂಬ ಪ್ರೆಸ್ಬಿಟೇರಿಯನ್ ಪಾದ್ರಿ, ಪ್ರಾರ್ಥನೆಯಿಂದಲೇ ತೂಕ ಇಳಿಸುವ ಪುಸ್ತಕ ಬರೆದರು. ತನ್ನ ಪಾಪವನ್ನು ತೂಕ ಹಾಕಿ ನೋಡುವ ಸೌಲಭ್ಯ ಭೂಮಿಯ ಮೇಲೆ ದಪ್ಪಗಿರುವವರಿಗೆ ಮಾತ್ರ ಇದೆ ಎಂಬುದು ಅವರ ತರ್ಕ. ಎಂಥ ಅನುಕೂಲ ನೋಡಿ! ಪಾಪನಿವೇದನೆಗೆ ಇನ್ನು ಪಾದ್ರಿಯೇ ಬೇಡ, ಬಚ್ಚಲುಮನೆಯಲ್ಲಿ ಬರಿಗಾಲಲ್ಲಿ ಒಂದು ಯಂತ್ರದ ಮೇಲೆ ನಿಂತರೆ ಸಾಕು. ಥೈರಾಯ್ಡ್, ವಂಶವಾಹಿ, ಮಾನಸಿಕ ಕಾಯಿಲೆಗೆ ನುಂಗುವ ಮಾತ್ರೆ, ತರಕಾರಿ ಅಂಗಡಿಯೇ ಇಲ್ಲದ ಬಡವರ ಬೀದಿ, ಎರಡು ಪಾಳಿ ದುಡಿದು ಬರುವವಳಿಗೆ ಸಿಗುವ ಅಗ್ಗದ ಬರ್ಗರ್, ಇವು ಯಾವುವೂ ಆ ಯಂತ್ರದ ಮುಳ್ಳಿಗೆ ತಿಳಿಯುವುದಿಲ್ಲ. ಅದಕ್ಕೆ ಗೊತ್ತಿರುವುದು ಒಂದೇ ಪಾಠ.

ಆಮೇಲೆ ಪುಸ್ತಕಗಳ ಮೇಲೆ ಪುಸ್ತಕ, ಶಿಬಿರಗಳ ಮೇಲೆ ಶಿಬಿರ. ಇವರೆಲ್ಲರನ್ನೂ ಮೀರಿಸಿದವರು ಟೆನೆಸ್ಸಿಯ ಗ್ವೆನ್ ಶ್ಯಾಂಬ್ಲಿನ್. 1986ರಲ್ಲಿ ಶುರುಮಾಡಿದ ಅವರ ಕಾರ್ಯಾಗಾರ ಸಾವಿರಾರು ಚರ್ಚುಗಳ ನೆಲಮಾಳಿಗೆಗೆ ಇಳಿಯಿತು. ಹೊಟ್ಟೆ ಗುರ್ ಎಂದಾಗ ಮಾತ್ರ ತಿನ್ನು, ಮಿಕ್ಕ ಹಸಿವನ್ನು ದೇವರ ಪಾದಕ್ಕೆ ಹಾಕು. ದಪ್ಪ ಉಳಿದೆಯೋ, ನೀನು ಅವಿಧೇಯಳು. 1997ರ ಅವರ ಪುಸ್ತಕ ಬಿಸಿ ದೋಸೆಯಂತೆ ಖರ್ಚಾಯಿತು. ಲಕ್ಷಾಂತರ ಹೆಂಗಸರ ತೊಡೆಯ ಗಾತ್ರಕ್ಕೆ ನರಕದ ಗಂಟು ಹಾಕಿದಾಗ ಯಾವ ದೇವಶಾಸ್ತ್ರಜ್ಞನೂ ನಿದ್ದೆಗೆಡಲಿಲ್ಲ. 2000ದಲ್ಲಿ ಆಕೆ ತ್ರಯೇಕ ದೇವರ ತತ್ವ ಸರಿಯಲ್ಲ ಎಂದದ್ದೇ ತಡ, ಗದ್ದಲವೋ ಗದ್ದಲ. ಪ್ರಕಾಶಕರು ಮುಂದಿನ ಪುಸ್ತಕವನ್ನೇ ರದ್ದು ಮಾಡಿದರು. ಮೂವರು ಒಬ್ಬರೇ ಎಂಬ ಗಣಿತ ತಪ್ಪಬಾರದು; 38ರ ಸೊಂಟ 28 ಆಗಲೇಬೇಕೆಂಬ ಗಣಿತದಲ್ಲಿ ಅವರಿಗೇನೂ ದೋಷ ಕಂಡಿರಲಿಲ್ಲ.

ಇನ್ನು ಇದೇ ಅಮೆರಿಕದ ದಕ್ಷಿಣದ ಭಾನುವಾರ ನೋಡಬೇಕು. ಆರಾಧನೆ ಮುಗಿದು ಪಕ್ಕದ ಸಭಾಂಗಣಕ್ಕೆ ಹೋದರೆ ಉದ್ದನೆಯ ಮೇಜು: ಕರಿದ ಕೋಳಿ, ಚೀಸಿನಲ್ಲಿ ಮುಳುಗಿದ ಮ್ಯಾಕರೋನಿ, ಬೆಣ್ಣೆ ಸವರಿದ ಬ್ರೆಡ್ಡು, ಪೀಚ್ ಹಣ್ಣಿನ ಪಾಯಸದಂಥ ಕಾಬ್ಲರ್, ಚಮಚ ನೆಟ್ಟಗೆ ನಿಲ್ಲುವಷ್ಟು ಸಕ್ಕರೆಯ ಟೀ. ಧರ್ಮ ಮತ್ತು ಮೈತೂಕವನ್ನು ಜೊತೆಗಿಟ್ಟು ಅಧ್ಯಯನ ಮಾಡಿದ ಪರ್ಡ್ಯೂ ವಿಶ್ವವಿದ್ಯಾಲಯದ ಕೆನೆತ್ ಫೆರಾರೊ, ಅಮೆರಿಕದ ಪಂಗಡಗಳ ಪೈಕಿ ಬ್ಯಾಪ್ಟಿಸ್ಟರೇ ಭಾರವೆಂದು ಕಂಡರು. ಪದೇ ಪದೇ ಚರ್ಚಿಗೆ ಹೋಗುವ ಯುವಕರು ನಡುವಯಸ್ಸಿಗೆ ಬೊಜ್ಜು ಬೆಳೆಸಿಕೊಳ್ಳುವ ಸಾಧ್ಯತೆ ಶೇಕಡಾ 50ರಷ್ಟು ಹೆಚ್ಚು ಎಂದು 2011ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದವರು ಹೇಳಿದರು. 2006ರಲ್ಲಿ ಗ್ರೀನ್ಸ್‌ಬರೊದಲ್ಲಿ ಸೇರಿದ ದಕ್ಷಿಣ ಬ್ಯಾಪ್ಟಿಸ್ಟರ ಮಹಾಸಭೆ ಠರಾವು ಪಾಸು ಮಾಡಿತು ನಿಜ. ಮದ್ಯದ ವಿರುದ್ಧ. ಕಾನಾ ಊರಿನ ಮದುವೆಯಲ್ಲಿ ಆರು ಕಲ್ಲಿನ ಬಾನಿ ನೀರನ್ನು ದ್ರಾಕ್ಷಾರಸ ಮಾಡಿದವನ ಶಿಷ್ಯರು ಮದ್ಯದ ತಯಾರಿಕೆ, ಜಾಹೀರಾತು, ಹಂಚಿಕೆ, ಸೇವನೆ ಎಲ್ಲವನ್ನೂ ಖಂಡಿಸಿದರು. ಕೋಳಿಗೆ ಅಂಥ ಠರಾವಿನ ಗಂಡಾಂತರ ಬರಲಿಲ್ಲ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂದು ನಮ್ಮವರು ಸುಮ್ಮನೆ ಹೇಳಲಿಲ್ಲ.

ಕಥೋಲಿಕರು ಈ ವಿಷಯದಲ್ಲಿ ಹಳೆಯ ಪಟ್ಟು ಬಲ್ಲವರು: ನಿಯಮ ಇಡು, ಕಿಟಕಿಯನ್ನೂ ಇಡು. ಶುಕ್ರವಾರ ಮಾಂಸ ಬೇಡ, ಮೀನು ಆಗಬಹುದು. ಲೂಯಿಸಿಯಾನಾದ ಒಬ್ಬ ಭಕ್ತ ಕೇಳಿದ ಪ್ರಶ್ನೆಗೆ 2010ರಲ್ಲಿ ಅಲ್ಲಿನ ಆರ್ಚ್‌ಬಿಷಪ್ಪರು ಮೊಸಳೆ ಜಾತಿಯ ಆಲಿಗೇಟರ್ ಕೂಡ ಮೀನಿನ ಲೆಕ್ಕಕ್ಕೇ ಎಂದು ಬರೆದು ಕೊಟ್ಟರು. ವೆನೆಜುವೆಲಾದಲ್ಲಿ ಹಂದಿಯಷ್ಟು ದೊಡ್ಡ ಕ್ಯಾಪಿಬಾರಾ ಇಲಿಗೆ ಈ ಗೌರವ ಎಂದೋ ಸಿಕ್ಕಿದೆ. ನಮ್ಮ ಮಂಗಳೂರಿನಲ್ಲಿ ಅಷ್ಟು ದೂರ ಹೋಗುವ ಅಗತ್ಯವೇ ಬೀಳಲಿಲ್ಲ. ತಪಸ್ಸುಕಾಲದ ಶುಕ್ರವಾರ ಕೋಳಿ ಸುಕ್ಕ ತ್ಯಾಗ ಮಾಡಿ ಅಂಜಲ್ ರವಾ ಫ್ರೈ ತಿನ್ನುವುದು ಕರಾವಳಿಯವನಿಗೆ ಎಷ್ಟು ಘೋರ ತಪಸ್ಸು ಎಂದು ಯಾರನ್ನಾದರೂ ಕೇಳಿ. ಆದರೂ ನನಗೆ ಅಲ್ಲಿನ ದೇವಶಾಸ್ತ್ರವೇ ಇಷ್ಟ. ಕ್ರಿಸ್‌ಮಸ್ಸಿಗೆ ಮನೆ ಹರಸಲು ಬಂದ ಪಾದ್ರಿಯ ಮುಂದೆ ಅಜ್ಜಿ ಕುಸ್ವಾರ್ ತಟ್ಟೆ ತಂದಿಡುತ್ತಾಳೆ. ನೆವ್ರಿ, ಕಿಡಿಯೊ, ಗುಳಿಯೊ, ಕುಕ್ಕಿಸ್. “ಸಾಕು ಬಾಯಮ್ಮ, ಶುಗರ್ ಇದೆ” ಎಂದರೆ, “ಒಂದೇ ಒಂದು ನೆವ್ರಿ ಫಾದರ್, ಎಷ್ಟು ಸೊರಗಿದ್ದೀರಿ ನೋಡಿ, ಆ ಬಿಷಪ್ಪರು ನಿಮಗೆ ಊಟ ಹಾಕುವುದಿಲ್ಲವಾ?” ಅಲ್ಲಿ ಪಾಪವೇನಾದರೂ ಇದ್ದರೆ ಬೇಡ ಎಂದವನದು.

ಕಣ್ಣಿಗೆ ಕಾಣದ ಪಾಪದ ಸಮಾಚಾರವನ್ನೂ ಇಲ್ಲೇ ಹೇಳಿಬಿಡುತ್ತೇನೆ. 2018ರಲ್ಲಿ ಲೂಯಿಸಿಯಾನಾದ ಟಿವಿ ಪ್ರವಚನಕಾರ ಜೆಸ್ಸಿ ಡುಪ್ಲಾಂಟಿಸ್ ತನಗೊಂದು ಫಾಲ್ಕನ್ ವಿಮಾನ ಬೇಕೆಂದು ಭಕ್ತರ ಮುಂದೆ ಮನವಿ ಇಟ್ಟರು. ಬೆಲೆ 5.4 ಕೋಟಿ ಡಾಲರ್. ಹಿಂದಿನ ಮೂರು ವಿಮಾನಗಳನ್ನು ಬಳಸಿ ಆಗಿತ್ತು. ಯೇಸು ಇಂದು ಇದ್ದಿದ್ದರೆ ಕತ್ತೆಯ ಮೇಲೆ ಓಡಾಡುತ್ತಿರಲಿಲ್ಲ ಎಂಬುದು ಅವರ ವಾದ. ಈ ಆಸೆ ಎಷ್ಟು ಕಿಲೊ ಎಂದು ತೋರಿಸುವ ಯಂತ್ರ ಯಾರ ಬಚ್ಚಲುಮನೆಯಲ್ಲೂ ಇಲ್ಲ. ಹಾಗಾಗಿ ಅವರು ಪ್ರಸಂಗಪೀಠದಲ್ಲಿ ಇದ್ದಾರೆ, ಎರಡು ಪಾಳಿ ದುಡಿದು ಬಂದವಳು ಹಿಂದಿನ ಬೆಂಚಿನಲ್ಲಿ ಚೀಲವನ್ನು ಹೊಟ್ಟೆಗೆ ಅಡ್ಡ ಹಿಡಿದು ಕೂತಿದ್ದಾಳೆ.

ಈಗ ಈ ಇಡೀ ವ್ಯವಹಾರಕ್ಕೆ ಕಲ್ಲು ಬಿದ್ದಿರುವುದು ಡೆನ್ಮಾರ್ಕಿನಿಂದ. ಸೆಮಾಗ್ಲುಟೈಡ್ ಎಂಬ ಚುಚ್ಚುಮದ್ದು, ವಾರಕ್ಕೊಮ್ಮೆ. ತೂಕ ಇಳಿಸಲೆಂದೇ ಅಮೆರಿಕ 2021ರಲ್ಲಿ ಒಪ್ಪಿಗೆ ಕೊಟ್ಟಿತು; 2025ರಲ್ಲಿ ನಮ್ಮಲ್ಲಿಗೂ ಬಂತು. ಕರುಳಿನ ಒಂದು ಹಾರ್ಮೋನಿನ ವೇಷ ಹಾಕಿಕೊಂಡು ಅದು ಮಿದುಳಿಗೆ ‘ಸಾಕು’ ಎಂದು ಹೇಳುತ್ತದೆ. ತೆಗೆದುಕೊಂಡ ಅನೇಕರು ತಲೆಯೊಳಗೆ ಸದಾ ನಡೆಯುತ್ತಿದ್ದ ತಿಂಡಿಯ ಗಲಾಟೆಯೇ ನಿಂತುಹೋಯಿತು ಎನ್ನುತ್ತಾರೆ. ಇವಾಗ್ರಿಯಸ್ ಮರುಭೂಮಿಯಲ್ಲಿ ಒಣರೊಟ್ಟಿ ತಿಂದು ವರ್ಷಗಟ್ಟಲೆ ಗುದ್ದಾಡಿದ ಪಿಶಾಚಿ ಫ್ರಿಜ್ಜಿನಲ್ಲಿಟ್ಟ ಪೆನ್ನಿಗೆ ಹೆದರಿ ಓಡಿತು ಅಂದರೆ, ಅದು ಪಿಶಾಚಿಯೋ, ಹಾರ್ಮೋನೋ? ಪ್ರಾರ್ಥನೆಯಿಂದ ಇಳಿಸಿದವರು ಪರಿಶುದ್ಧರು, ಸೂಜಿಯಿಂದ ಇಳಿಸಿದವರು ಮೋಸಗಾರರು ಎಂದು ಕೆಲವು ಭಕ್ತರು ಆಗಲೇ ಮೂಗು ಮುರಿಯುತ್ತಿದ್ದಾರೆ. ಪಾಸ್ಟರುಗಳಲ್ಲಿ ಕೆಲವರು ಅಂಗಿಯ ಅಳತೆ ಬದಲಾದದ್ದಕ್ಕೆ ಉಪವಾಸವೇ ಕಾರಣ ಎಂದು ಹೇಳಿಕೊಂಡರೂ ನನಗೇನೂ ಆಶ್ಚರ್ಯವಾಗದು.

ಮದ್ದು ನಿಲ್ಲಿಸಿದರೆ ಬಹುಪಾಲು ಜನರಿಗೆ ತೂಕ ಮರಳುತ್ತದೆ. ದಪ್ಪವೇ ಪಾಪ ಎನ್ನುವವರ ತರ್ಕ ಹಿಡಿದರೆ ಪಾಪವೂ ಮರಳುತ್ತದೆ, ವಿಮೆ ಇದ್ದವನು ಮಾತ್ರ ನೀತಿವಂತನಾಗಿ ಉಳಿಯುತ್ತಾನೆ. 1517ರಲ್ಲಿ ಮಾರ್ಟಿನ್ ಲೂಥರ್ ಸಿಡಿದೆದ್ದದ್ದು ದುಡ್ಡು ಕೊಟ್ಟು ಪಾಪದ ಶಿಕ್ಷೆಯಿಂದ ಬಿಡುಗಡೆಯ ಚೀಟಿ ಕೊಳ್ಳುವ ಪದ್ಧತಿಯ ವಿರುದ್ಧ. (ಮುಂದಿನ ವರ್ಷಗಳ ಚಿತ್ರಗಳಲ್ಲಿ ಅವನೂ ಚೆನ್ನಾಗಿಯೇ ಉಬ್ಬಿದ್ದಾನೆ.) ಈಗಿನ ಚೀಟಿ ಡಾಕ್ಟರು ಬರೆದುಕೊಡುತ್ತಾರೆ. ಆಗಿನದಕ್ಕೆ ಒಂದು ಸಲ ಕಾಸು ಹಾಕಿದರೆ ಮುಗಿಯುತ್ತಿತ್ತು. ಇದಕ್ಕೆ ತಿಂಗಳು ತಿಂಗಳೂ ಕಂತು.