ಶಿಶುಪಾದುಕಾಧಿಕರಣ

ವೇದಾಂತಿಗಳು ಬ್ರಹ್ಮಜಿಜ್ಞಾಸೆಗೆ ವ್ಯಯಿಸಿದ ಪಾಂಡಿತ್ಯದಲ್ಲಿ ಶತಾಂಶವನ್ನಾದರೂ, ವರ್ಷ ತುಂಬಿದ ಕೂಸಿನ ಕಾಲಿಗೆ ಬೂಟು ಬೇಕೋ ಬೇಡವೋ ಎಂಬ ವಿಚಾರಕ್ಕೆ ವಿನಿಯೋಗಿಸಿದ್ದರೆ, ಗೃಹಸ್ಥಾಶ್ರಮದ ಅರ್ಧ ಕಲಹಗಳು ಹುಟ್ಟುವ ಮುನ್ನವೇ ಶಮನವಾಗುತ್ತಿದ್ದವು. ಆ ಲೋಪವನ್ನು ಪರಿಹರಿಸುವುದಕ್ಕಾಗಿಯೇ ಈ ಅಧಿಕರಣವು ಆರಂಭಿಸಲ್ಪಡುತ್ತದೆ.

ಇಲ್ಲಿ ವಿಷಯವು ಕೂಸಿನ ಪಾದ, ಸಂಶಯವು ತಂದೆತಾಯಿಗಳದು. ಕೂಸಿಗೆ ಸಂಶಯವಿಲ್ಲ. ಅದು ಕೈಗಳೆರಡನ್ನೂ ಮೇಲೆತ್ತಿ, ಕಾಲಗಲಿಸಿ, ನಾಲ್ಕು ತಪ್ಪುಹೆಜ್ಜೆಯಿಟ್ಟು, ದೊಪ್ಪನೆ ಕುಳಿತು, ಯಾರಾದರೂ ನೋಡುತ್ತಿದ್ದಾರೆಯೇ ಎಂದು ವಿಚಾರಿಸಿಕೊಂಡು, ನೋಡುತ್ತಿದ್ದಲ್ಲಿ ಮಾತ್ರ ಅಳುತ್ತದೆ. ನ್ಯೂಯಾರ್ಕಿನ ಸಂಶೋಧಕಿ ಕರೆನ್ ಅಡಾಲ್ಫ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ವರ್ಷದಿಂದ ಒಂದೂವರೆ ವರ್ಷದ ಆಸುಪಾಸಿನ ಮಕ್ಕಳು ಗಂಟೆಗೆ ಸರಾಸರಿ 2,368 ಹೆಜ್ಜೆಯಿಟ್ಟು 17 ಸಲ ಬೀಳುತ್ತವೆ. ಅಷ್ಟರಲ್ಲಿ ತಾಯಿಯ ಎದೆ ಎಷ್ಟು ಸಲ ಝಲ್ಲೆಂದಿತೆಂಬುದನ್ನು ಆ ವಿದ್ವಾಂಸರು ಎಣಿಸದೆ ಬಿಟ್ಟದ್ದು ಶಾಸ್ತ್ರಕ್ಕಾದ ನಷ್ಟ.

'ಇನ್ನೂ ನಡೆಯಲಿಲ್ಲವಲ್ಲಾ' ಎಂಬ ವ್ಯಾಧಿಯು, ಮಗು ನಡೆದ ಮರುದಿನವೇ 'ಕಾಲು ಸೊಟ್ಟವೇನೋ, ಅಂಗಾಲು ಚಪ್ಪಟೆಯೇನೋ' ಎಂಬ ರೂಪಾಂತರವನ್ನು ಹೊಂದುತ್ತದೆ. ಇದರ ನಿರ್ಣಯದಲ್ಲಿ ಪ್ರತ್ಯಕ್ಷವೂ ಅನುಮಾನವೂ ದುರ್ಬಲ. ಪ್ರಬಲ ಪ್ರಮಾಣವು ಉಪಮಾನ, ಎಂದರೆ ಪಕ್ಕದ ಮನೆಯ ಮಗು. ಅದು ಒಂಬತ್ತು ತಿಂಗಳಿಗೇ ಹೊಸಿಲು ದಾಟಿ ಓಡಿತೆಂಬುದಕ್ಕೆ ಅದರ ಅಜ್ಜಿಯ ಆಪ್ತವಾಕ್ಯವಿದೆ. ವಿಶ್ವ ಆರೋಗ್ಯ ಸಂಸ್ಥೆಯು 2006ರಲ್ಲಿ ನಡಿಗೆ ಕಲಿಯಲು ಎಂಟರಿಂದ ಹದಿನೆಂಟು ತಿಂಗಳವರೆಗೆ ಉದಾರವಾದ ಗಡುವನ್ನಿತ್ತಿದ್ದರೂ, ಎರಡು ವರ್ಷದವರೆಗೆ ಕಾಲು ಬಿಲ್ಲಿನಂತೆ ಬಾಗಿರುವುದೂ, ಅಂಗಾಲಿನ ಕಮಾನು ಕೊಬ್ಬಿನ ಮೆತ್ತೆಯಲ್ಲಿ ಮರೆಯಾಗಿರುವುದೂ ಆ ವಯಸ್ಸಿನ ಧರ್ಮವೆಂದು ವೈದ್ಯರು ಸಾರುತ್ತಿದ್ದರೂ, ಪಕ್ಕದ ಮನೆಯ ಅಜ್ಜಿಯ ಮುಂದೆ ಇವೆಲ್ಲವೂ ಬಾಧಿತವೇ ಸರಿ.

ಇನ್ನು ಪೂರ್ವಪಕ್ಷ. 'ಬೂಟಿಲ್ಲದೆ ನಡಿಗೆ ತಿದ್ದದು' ಎಂದು ತಂದೆಯು ಅಂಗಡಿಗೆ ತೆರಳಿ, ಹೆಜ್ಜೆಯಿಟ್ಟಲ್ಲೆಲ್ಲ ಪೀಂ ಪೀಂ ಎನ್ನುವ ಕೆಂಪು ಬೂಟನ್ನು ಆರಿಸುತ್ತಾನೆ. ಕೂಸು ಬೆರಳುಗಳನ್ನು ಒಳಕ್ಕೆ ಮಡಿಸಿಕೊಳ್ಳುತ್ತದೆ; ಹಿಮ್ಮಡಿ ಒಳಗಿಳಿಯದು. ಅಂಗಡಿಯವನು ಬೂಟಿನ ಮೂತಿಯನ್ನು ಹೆಬ್ಬೆರಳಿನಿಂದ ಒತ್ತಿ ತಲೆದೂಗುತ್ತಾನೆ. 'ಬೆಳೆಯೋ ಕಾಲು ಕಣಪ್ಪಾ, ಒಂದು ನಂಬರು ದೊಡ್ಡದೇ ಇರಲಿ' ಎಂದು ಕೂಸಿನ ಅಜ್ಜಿ ತೀರ್ಪು ಕೊಡುತ್ತಾಳೆ. ದೊಡ್ಡದಿರುವಷ್ಟು ಕಾಲ ಬೂಟು ಕೂಸು ಮುಗ್ಗರಿಸುವಂತೆ ಮಾಡುತ್ತದೆ. ಅಳತೆಗೆ ಸರಿಬರುವ ವೇಳೆಗೆ ಅದರ ಪೀಂಕಾರವನ್ನು ತಾಳಲಾರದೆ ತಂದೆಯೇ ಅದನ್ನು ಅಟ್ಟಕ್ಕೇರಿಸಿರುತ್ತಾನೆ.

ಸಿದ್ಧಾಂತವು ನಮ್ಮ ಮಣಿಪಾಲದಿಂದಲೇ ಬಂದಿದೆ. ಕಸ್ತೂರಬಾ ವೈದ್ಯಕೀಯ ಕಾಲೇಜಿನ ಉದಯ ಭಾಸ್ಕರ ರಾವ್ ಮತ್ತು ಬೆಂಜಮಿನ್ ಜೋಸೆಫರು ನಾಲ್ಕರಿಂದ ಹದಿಮೂರು ವರ್ಷದ 2,300 ಮಕ್ಕಳ ಹೆಜ್ಜೆಗುರುತುಗಳನ್ನು ಪರೀಕ್ಷಿಸಿ, ಪಾದರಕ್ಷೆ ತೊಡುವವರಲ್ಲಿ ಶೇಕಡ 8.6 ಮಂದಿಗೂ, ಬರಿಗಾಲಿನವರಲ್ಲಿ ಶೇಕಡ 2.8 ಮಂದಿಗೆ ಮಾತ್ರವೂ ಚಪ್ಪಟೆ ಪಾದವಿದೆಯೆಂದು 1992ರಲ್ಲಿ ಪ್ರಕಟಿಸಿದರು. ಮುಂಭಾಗ ಮುಚ್ಚಿದ ಬೂಟು ಎಲ್ಲಕ್ಕಿಂತ ಅನಿಷ್ಟವೆಂದೂ ಕಂಡರು. ಆದ್ದರಿಂದ ಮನೆಯೊಳಗೆ ಬರಿಗಾಲು; ಮುಳ್ಳು, ಗಾಜು, ಕಾದ ನೆಲಗಳಿರುವಲ್ಲಿ ಮಾತ್ರ, ಬಾಗಿಸಿದರೆ ಬಾಗುವ ಮೆತ್ತನೆಯ ಅಟ್ಟೆಯದೊಂದು ಜೊತೆ.

'ಹಾಗಾದರೆ ಆ ಕೆಂಪು ಬೂಟು ವ್ಯರ್ಥವೇ?' ಎಂದರೆ, ಅಲ್ಲ. ಪಾದುಕೆಗೆ ತೊಡುವುದೊಂದೇ ವಿನಿಯೋಗವಲ್ಲವೆಂಬುದಕ್ಕೆ ನಂದಿಗ್ರಾಮದ ಭರತನೇ ಸಾಕ್ಷಿ. ಷೋಕೇಸಿನಲ್ಲಿ ಅದಕ್ಕೂ ಪಟ್ಟಾಭಿಷೇಕವಾಗಬಹುದು. ಜಾತ್ರೆಯಲ್ಲಿ ತಂದೆಯ ಹೆಗಲ ಮೇಲಿಂದ ಉದುರಿಹೋದ ಎಡಗಾಲಿನ ಬೂಟಿಗೆ ಪ್ರಾಯಶ್ಚಿತ್ತವೇನು, ಉಳಿದ ಬಲಗಾಲಿನದರ ಗತಿಯೇನು ಎಂಬೆರಡು ಪ್ರಶ್ನೆಗಳು ಮುಂದಿನ ಅಧಿಕರಣಕ್ಕೆ ಸೇರತಕ್ಕವು.