ಗೊತ್ತಿದ್ದೂ ಬಿಡದ ಶೆಲ್ಲು

ಪೈಥಾನ್ ಭಾಷೆಯ ಶೆಲ್ ತೆರೆಯಿರಿ. 3.12 ಅಥವಾ ಅದಕ್ಕಿಂತ ಹಳೆಯ ಆವೃತ್ತಿ ಸಿಕ್ಕರೆ ಒಳ್ಳೆಯದು. ಮೂರು ಬಾಣದ ಗುರುತು ಬರುತ್ತದೆ. ಅದರ ಮುಂದೆ ‘ಎಕ್ಸಿಟ್’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ಹೊರಗೆ ಬಿಡುವುದಿಲ್ಲ. ಬುದ್ಧಿವಾದ ಹೇಳುತ್ತದೆ: ಹೊರಡಬೇಕಾದರೆ ಎಕ್ಸಿಟ್ ಪಕ್ಕ ಆವರಣ ಚಿಹ್ನೆ ಹಾಕಿ, ಇಲ್ಲವೇ ಕಂಟ್ರೋಲ್-ಡಿ ಒತ್ತಿ.

ಅಂದರೆ ವಿಷಯ ಅದಕ್ಕೆ ಅರ್ಥವಾಗಿದೆ. ನೀವು ಎದ್ದು ಹೊರಟಿದ್ದೀರಿ ಎಂದು ಗೊತ್ತು. ಬಾಗಿಲು ಎಲ್ಲಿದೆ ಎಂದೂ ಗೊತ್ತು. ತಾಲ್ಲೂಕು ಕಚೇರಿಯ ಗುಮಾಸ್ತನಿಗೂ ಹೀಗೇ ಎಲ್ಲ ಗೊತ್ತಿರುತ್ತದೆ. ಅರ್ಜಿಯಲ್ಲಿ ಸಹಿ ಒಂದಿಂಚು ಎಡಕ್ಕೆ ಬಿದ್ದಿದೆ ಎಂದು ವಾಪಸ್ ಕಳಿಸುತ್ತಾನೆ, ಅಷ್ಟೆ.

ಇದೇನೋ ಕಣ್ತಪ್ಪು ಎಂದು ಯಾರಾದರೂ ಸಮಾಧಾನ ಹೇಳಿದರೆ ನಂಬಬೇಡಿ. ಈ ನಿರಾಕರಣೆಯನ್ನು ಒಬ್ಬರು ಕೂತು ಬರೆದಿದ್ದಾರೆ. ಮೊದಲು ‘ಎಕ್ಸಿಟ್’ ಎಂಬುದು ಬರೀ ಒಂದು ವಾಕ್ಯವಾಗಿತ್ತು. ಆ ಹೆಸರು ಬರೆದರೆ ವಾಕ್ಯ ಅಚ್ಚಾಗುತ್ತಿತ್ತು. 2006ರಲ್ಲಿ 2.5 ಬಂದಾಗ ಸುಧಾರಣೆಯಾಯಿತು. ಅದಕ್ಕೆಂದೇ ಒಂದು ಕ್ಲಾಸ್ ಬರೆದರು. ಆವರಣ ಹಾಕಿದರೆ ಹೊರಗೆ ಬಿಡು, ಹಾಕದಿದ್ದರೆ ಉಪದೇಶ ಮಾಡು. ಉಪದೇಶದ ಸಾಲನ್ನು ಜೋಡಿಸಲು ಬೇರೆಯೇ ಕೋಡು. ವಿಂಡೋಸ್ ಆದರೆ ಕಂಟ್ರೋಲ್-ಜೆಡ್ ಎಂದು ಹೇಳಬೇಕು, ಉಳಿದ ಕಡೆ ಕಂಟ್ರೋಲ್-ಡಿ ಎಂದು. ಇಷ್ಟು ಮುತುವರ್ಜಿ! ಇಷ್ಟೂ ಒಳಗೇ ಕೂರಿಸುವುದಕ್ಕೆ.

ವಿಂಡೋಸ್‌ನಲ್ಲಿ ಕಲಿತ ಹುಡುಗ ಲಿನಕ್ಸ್‌ಗೆ ಬಂದು ಅಭ್ಯಾಸಬಲದಿಂದ ಕಂಟ್ರೋಲ್-ಜೆಡ್ ಒತ್ತುತ್ತಾನೆ. ಶೆಲ್ ಮುಚ್ಚುವುದಿಲ್ಲ, ಹಿಂದೆ ಸರಿದು ಮಲಗುತ್ತದೆ. ಪೀಡೆ ತೊಲಗಿತೆಂದು ಮತ್ತೊಂದು ತೆರೆಯುತ್ತಾನೆ. ಸಂಜೆ ಹೊತ್ತಿಗೆ ತೆರೆಮರೆಯಲ್ಲಿ ಹೆಬ್ಬಾವುಗಳ ಸಾಲು.

ಕೇಳಿದರೆ ತತ್ವ ಬರುತ್ತದೆ. ಹೆಸರು ಬರೆದರೆ ಅದರೊಳಗೆ ಏನಿದೆ ಎಂದು ತೋರಿಸಬೇಕೇ ಹೊರತು ಕೆಲಸ ಮಾಡಿಬಿಡಬಾರದು. ತೋರಿಸುವುದೇ ಹೊರಹೋಗುವುದು ಎಂದಾಗಿಬಿಟ್ಟರೆ, ಎಕ್ಸಿಟ್ ಅಡಗಿರುವ ಒಂದು ಪಟ್ಟಿಯನ್ನು ನೋಡಹೋದವನ ಶೆಲ್ಲೇ ಮುಚ್ಚಿಹೋಗುತ್ತದೆ. ಒಪ್ಪೋಣ. ತರ್ಕದಲ್ಲಿ ಲೋಪವಿಲ್ಲ. ಲೋಕದಲ್ಲಿ ಎಷ್ಟು ಜನ ಎಕ್ಸಿಟ್ಟನ್ನು ಪಟ್ಟಿಯೊಳಗೆ ಇಟ್ಟು ನೋಡುತ್ತಾ ಕೂರುತ್ತಾರೆ ಎಂದು ಮಾತ್ರ ಕೇಳಬೇಡಿ.

2024ರ ಅಕ್ಟೋಬರಿನಲ್ಲಿ 3.13 ಬಂತು. ಈಗ ಬರೀ ಎಕ್ಸಿಟ್ ಸಾಕು. ತತ್ವ ಮುರಿದುಬಿತ್ತೇ? ಇಲ್ಲ. ಎಕ್ಸಿಟ್, ಕ್ವಿಟ್, ಹೆಲ್ಪ್ ಹೀಗೆ ನಾಲ್ಕಾರು ಪದಗಳ ಚಿಕ್ಕ ಪಟ್ಟಿ ಮಾಡಿಟ್ಟರು. ಸಾಲಿನಲ್ಲಿ ಆ ಪದ ಒಂದೇ ಇದ್ದು, ಬಳಕೆದಾರ ಆ ಹೆಸರನ್ನು ತಾನೇ ಬೇರೆಯದಕ್ಕೆ ಇಟ್ಟುಕೊಂಡಿರದಿದ್ದರೆ, ಆಜ್ಞೆ ಎಂದು ತಿಳಿ. ಮುಗಿಯಿತು. ತತ್ವಕ್ಕೆ ಒಂದು ಗೀರೂ ಆಗಲಿಲ್ಲ. 2.5ರಿಂದ ಎಣಿಸಿದರೆ ಈ ನಾಲ್ಕು ಸಾಲಿಗೆ 18 ವರ್ಷ.

ಹಳೆಯದೇ ಬೇಕು ಎನ್ನುವವರನ್ನೂ ಕೈಬಿಟ್ಟಿಲ್ಲ. ಒಂದು ಎನ್ವಿರಾನ್ಮೆಂಟ್ ವೇರಿಯಬಲ್ ಹೊಂದಿಸಿದರೆ ಹಳೆಯ ಶೆಲ್ ವಾಪಸ್ ಬರುತ್ತದೆ, ಅದೇ ಬುದ್ಧಿವಾದದ ಸಮೇತ. ಪರಂಪರೆ ಉಳಿಯಬೇಕಲ್ಲ.

ಇನ್ನೊಂದು ನೋಡಿ. ಇಂಡೆಂಟ್ ತಪ್ಪಿದರೆ ಪೈಥಾನ್‌ನಲ್ಲಿ ಕ್ಷಮೆಯಿಲ್ಲ. ಸಾಲಿನ ಎಡಕ್ಕೆ ಎಷ್ಟು ಜಾಗ ಬಿಡುತ್ತೀರಿ ಎನ್ನುವುದೇ ವ್ಯಾಕರಣ. ನಾಲ್ಕು ಸ್ಪೇಸ್ ಬಿಡುವುದರ ಸೌಂದರ್ಯದ ಬಗ್ಗೆ ಈ ಭಾಷೆಯವರು ಕೊಟ್ಟಷ್ಟು ಪ್ರವಚನ ಮಠಗಳಲ್ಲೂ ನಡೆದಿರಲಿಕ್ಕಿಲ್ಲ. ಅದೇ ಭಾಷೆಯ ಸ್ವಂತ ಶೆಲ್ಲು 3.13ರವರೆಗೆ ಒಂದು ಸಾಲನ್ನೂ ತಾನಾಗಿ ಒಳಕ್ಕೆ ಸರಿಸುತ್ತಿರಲಿಲ್ಲ. ಫಂಕ್ಷನ್ ಶುರುಮಾಡಿದರೆ ಮೂರು ಚುಕ್ಕಿ ತೋರಿಸಿ ಸುಮ್ಮನಾಗುತ್ತಿತ್ತು. ಸ್ಪೇಸ್ ನೀವೇ ಒತ್ತಿ. ಒಂದು ಕಡಿಮೆಯಾದರೆ ಬೈಗುಳ.

ಆ ಹಳೆಯ ಶೆಲ್ಲಿನಲ್ಲಿ ಆರು ಸಾಲಿನ ಫಂಕ್ಷನ್ನಿನ ಎರಡನೆಯ ಸಾಲಲ್ಲಿ ತಪ್ಪಿದರೆ? ಮೇಲಿನ ಬಾಣದ ಕೀಲಿ ಒತ್ತಿ. ಒಂದೊಂದೇ ಸಾಲು ಬರುತ್ತದೆ. ಆರನ್ನೂ ಒಂದೊಂದಾಗಿ ಮತ್ತೆ ಪೋಣಿಸಿ. ಅಂಟಿಸಲು ಹೋದಿರೋ, ಮಧ್ಯದಲ್ಲಿ ಒಂದು ಖಾಲಿ ಸಾಲಿದ್ದರೆ ಕತೆ ಮುಗಿಯಿತು. ಫಂಕ್ಷನ್ ಅಲ್ಲಿಗೇ ನಿಂತಿತು ಎಂದು ಶೆಲ್ ತೀರ್ಮಾನಿಸಿ, ಉಳಿದ ಸಾಲುಗಳಿಗೆ ದೋಷ ಹೊರಿಸುತ್ತದೆ. ಓದಲು ಚೆನ್ನಾಗಿರಲಿ ಎಂದು ಖಾಲಿ ಸಾಲು ಬಿಡಿ ಎಂದು ಬೋಧಿಸಿದವರೂ ಇವರೇ.

ಟ್ಯಾಬ್ ಒತ್ತಿದರೆ ಹೆಸರು ಪೂರ್ತಿಯಾಗುವ ಸೌಕರ್ಯ ಕೇಳದೆಯೇ ಸಿಗತೊಡಗಿದ್ದು 2014ರಲ್ಲಿ, 3.4ರಿಂದ. ಭಾಷೆ ಹೊರಬಂದದ್ದು 1991ರಲ್ಲಿ.

ಶೆಲ್ ಬರೆಯುವುದು ಮಹಾ ಬ್ರಹ್ಮವಿದ್ಯೆಯೇನಲ್ಲ ಎಂದು ಇವರೇ ಹೇಳುತ್ತಾರೆ. ಓದು, ಲೆಕ್ಕ ಹಾಕು, ಅಚ್ಚು ಮಾಡು, ಮತ್ತೆ ಓದು. ಎಲ್. ಪೀಟರ್ ಡಾಯ್ಚ್ ಎಂಬ ಹುಡುಗ 1960ರ ದಶಕದ ಆರಂಭದಲ್ಲಿ, ಇನ್ನೂ ಹದಿಹರೆಯದಲ್ಲಿದ್ದಾಗಲೇ, ಪಿಡಿಪಿ-1 ಯಂತ್ರದಲ್ಲಿ ಲಿಸ್ಪ್ ಭಾಷೆಗೆ ಅದನ್ನು ಮಾಡಿ ತೋರಿಸಿದ್ದ. ಪೈಥಾನ್‌ನಲ್ಲಿ ಇಂಥದೊಂದನ್ನು ಒಂದೇ ಸಾಲಲ್ಲಿ ಬರೆಯಬಹುದು ಎಂದು ತರಗತಿಯಲ್ಲಿ ಚಪ್ಪಾಳೆ ಗಿಟ್ಟಿಸುವ ಮೇಷ್ಟ್ರುಗಳಿದ್ದಾರೆ.

ಆ ಒಂದು ಸಾಲಿಗೆ ಬೆಲೆಯನ್ನು ಹೆಸರಿಗೆ ಕಟ್ಟಲೂ ಬರುವುದಿಲ್ಲ. ಬಳಕೆದಾರನ ಮಾತು ಮುಗಿಯಿತೋ ಇನ್ನೂ ಇದೆಯೋ ಎಂದೂ ತಿಳಿಯುವುದಿಲ್ಲ. ಈ ಎರಡನೆಯ ಕಷ್ಟಕ್ಕೆ ಪೈಥಾನ್‌ನ ಗ್ರಂಥಾಲಯದ ‘ಕೋಡ್‌ಆಪ್’ ಬಹುಕಾಲ ಹಿಡಿದಿದ್ದ ದಾರಿ ಕೇಳಿ. ನೀವು ಬರೆದದ್ದನ್ನು ಒಮ್ಮೆ ಕಂಪೈಲ್ ಮಾಡು. ಕೊನೆಗೆ ಹೊಸ ಸಾಲಿನ ಗುರುತು ಸೇರಿಸಿ ಇನ್ನೊಮ್ಮೆ. ಎರಡು ಸೇರಿಸಿ ಮತ್ತೊಮ್ಮೆ. ಬಂದ ದೋಷಗಳನ್ನು ಹೋಲಿಸು. ಒಂದೇ ತರಹ ಇದ್ದರೆ ನಿಜವಾದ ತಪ್ಪು, ಬೇರೆ ಬೇರೆಯಾದರೆ ಮಾತಿನ್ನೂ ಮುಗಿದಿಲ್ಲ. ಮೂರು ಸಲ ಬೈಸಿಕೊಂಡು, ಬೈಗುಳದ ಧಾಟಿ ನೋಡಿ ಮನಸ್ಸು ತಿಳಿಯುವ ವಿದ್ಯೆ. ಹೊರಗೆ ಎಲ್ಲರಿಗೂ ಸ್ವಚ್ಛ ವಿನ್ಯಾಸದ ಪಾಠ.

ಮುಖ್ಯ ಮನೆಯವರು ಮಾಡದಿದ್ದಾಗ ಹೊರಗಿನವರೇ ಮಾಡಿಕೊಳ್ಳಬೇಕಾಗುತ್ತದೆ. ಫರ್ನಾಂಡೊ ಪೆರೆಜ್ ಎಂಬ ಭೌತಶಾಸ್ತ್ರದ ಸಂಶೋಧನಾ ವಿದ್ಯಾರ್ಥಿ 2001ರಲ್ಲಿ ತನ್ನ ಪ್ರಬಂಧ ಮುಗಿಸುವ ಬದಲು 259 ಸಾಲಿನ ಒಂದು ಕಡತ ಬರೆದ. ಅದೇ ಐಪೈಥಾನ್. ಮುಂದೆ ಅದರಿಂದ ಜುಪಿಟರ್ ಹುಟ್ಟಿತು, 2017ರ ಎಸಿಎಂ ಸಾಫ್ಟ್‌ವೇರ್ ಸಿಸ್ಟಮ್ ಪ್ರಶಸ್ತಿಯೂ ಬಂತು. ಪ್ರಬಂಧದಿಂದ ತಪ್ಪಿಸಿಕೊಳ್ಳಲು ಹೊರಟವನಿಗೆ ಕಂಡದ್ದು ಭಾಷೆ ಕಟ್ಟುವವರಿಗೆ ಕಾಣಲಿಲ್ಲ. ಕೊನೆಗೆ 3.13ಕ್ಕೆ ಹೊಸ ಶೆಲ್ ಬಂದದ್ದಾದರೂ ಎಲ್ಲಿಂದ? ಪೈಪೈ ಎಂಬ ಸೋದರ ಯೋಜನೆಯಲ್ಲಿ ವರ್ಷಗಟ್ಟಲೆ ಓಡುತ್ತಿದ್ದ ಪೈರೆಪಲ್‌ನಿಂದ. ಆ ಕಡತಗಳ ತಲೆಯ ಮೇಲಿನ ಹಕ್ಕುಸ್ವಾಮ್ಯದ ವರ್ಷ 2000ದಿಂದ ಶುರು. ಪಕ್ಕದ ಮನೆಯಲ್ಲೇ ಇದ್ದದ್ದನ್ನು ತಂದು ಹೊಸದೆಂದು ಆರತಿ ಎತ್ತಿದೆವು. ನಾನೂ ಎತ್ತಿದೆ, ಏನು ಮಾಡುವುದು, ಚೆನ್ನಾಗಿದೆ.

ಪೈಥಾನಿಗೊಂದೇ ಬೈದರೆ ಉಳಿದವರು ಮುಸಿಮುಸಿ ನಗುತ್ತಾರೆ. ಅವರ ಅಂಗಳಕ್ಕೂ ಹೋಗೋಣ.

ಪಿಎಚ್‌ಪಿ. ರೀಡ್‌ಲೈನ್ ಎಂಬ ವಿಸ್ತರಣೆ ಸೇರಿಸದೆ ಕಟ್ಟಿದ, 2021ರ 8.1ಕ್ಕಿಂತ ಹಳೆಯ ಪಿಎಚ್‌ಪಿಯಲ್ಲಿ ಸಂವಾದಕ್ಕೆಂದು ಕೊಟ್ಟಿರುವ ಸ್ವಿಚ್ ಹಾಕಿ. ಸಂವಾದ ಶುರುವಾಗಿದೆ ಎಂದು ಘೋಷಿಸುತ್ತದೆ. ನೀವು ಒಂದು ಸಾಲು ಬರೆಯುತ್ತೀರಿ. ಮೌನ. ಇನ್ನೊಂದು. ಮೌನ. ಎಲ್ಲ ಮುಗಿಸಿ ಕಂಟ್ರೋಲ್-ಡಿ ಒತ್ತಿದ ಮೇಲೆ ಅದು ಬಾಯಿ ಬಿಡುತ್ತದೆ. ಆರಂಭದ ಟ್ಯಾಗ್ ಮರೆತಿದ್ದರೆ ನೀವು ಬರೆದದ್ದನ್ನೇ ನಿಮಗೆ ಒಪ್ಪಿಸಿ ಎದ್ದು ಹೋಗುತ್ತದೆ. ರೀಡ್‌ಲೈನ್ ಇದ್ದರೆ ನಿಜವಾದ ಶೆಲ್ ಸಿಗುತ್ತದೆ; ಒಂದಕ್ಕೆ ಒಂದು ಕೂಡಿಸಿ ಎಂಟರ್ ಒತ್ತಿದರೆ ಕೂಡುತ್ತದೆ, ಉತ್ತರ ಹೇಳುವುದಿಲ್ಲ. ‘ಎಕೋ’ ಎಂದು ಬಿಡಿಸಿ ಹೇಳಬೇಕು. ಪಿಎಚ್‌ಪಿಯ ಮೇಲೇ ಸಾಮ್ರಾಜ್ಯ ಕಟ್ಟಿದ ಫೇಸ್‌ಬುಕ್ ತನ್ನ ಎಂಜಿನಿಯರುಗಳಿಗೆಂದು ‘ಪಿಎಚ್‌ಪಿಎಸ್‌ಎಚ್’ ಎಂಬ ಶೆಲ್ ಮಾಡಿಕೊಂಡಿತು. ಬಹುಪಾಲು ಬರೆದದ್ದು ಪೈಥಾನ್‌ನಲ್ಲಿ. ಯಾರ ಶೆಲ್ಲಿನ ಬಗ್ಗೆ ಇಷ್ಟು ಹೊತ್ತು ಗೊಣಗಿದೆನೋ, ಆ ಪೈಥಾನ್‌ನಲ್ಲಿ.

ಲುವಾದಲ್ಲಿ 2015ರ 5.3 ಬರುವವರೆಗೆ ಉತ್ತರ ಬೇಕಾದರೆ ಮೊದಲು ಸಮ ಚಿಹ್ನೆ ಬರೆಯಬೇಕಿತ್ತು. ಬರೀ ಒಂದು ಕೂಡಿಸು ಒಂದು ಎಂದರೆ ದೋಷ. ಪರ್ಲ್‌ನದು ಇನ್ನೂ ನೇರ. 1987ರಿಂದ ಶೆಲ್ಲೇ ಇಲ್ಲ. ಬೇಕಿದ್ದರೆ ಡೀಬಗರ್ ತೆರೆದುಕೊಳ್ಳಿ ಎನ್ನುತ್ತಾರೆ ಹಿರಿಯರು.

ಇವೆಲ್ಲ ಇಂಗ್ಲಿಷ್ ಬರೆಯುವವನ ಪಾಡು. ಕನ್ನಡ ಬರೆಯುವವನದು ಬೇರೆ.

ಪೈಥಾನ್ 2ರ ಶೆಲ್ಲಿಗೆ ‘ಕನ್ನಡ’ ಎಂದು ಕೊಟ್ಟರೆ ಬ್ಯಾಕ್‌ಸ್ಲ್ಯಾಷ್, ಎಕ್ಸ್, ಇ, ಸೊನ್ನೆ ಎಂದು ಒಂದು ಗೇಣುದ್ದದ ಶಾಪ ಹಿಂದಿರುಗುತ್ತಿತ್ತು. 2008ರಲ್ಲಿ ಬಂದ 3.0 ಇದನ್ನು ಸರಿಮಾಡಿತು. ಅಷ್ಟೇ ಅಲ್ಲ, ವೇರಿಯಬಲ್ಲಿಗೆ ‘ಮೊತ್ತ’ ಎಂದೇ ಹೆಸರಿಡಲು ಅಪ್ಪಣೆ ಕೊಟ್ಟಿತು. ಅಪ್ಪಣೆ ಬಂತು, ಸೌಕರ್ಯ ಬರಲಿಲ್ಲ. ಟರ್ಮಿನಲ್ಲು ಇಂದಿಗೂ ಚೌಕುಳಿಗಳ ಕಾಗದ. ನಮ್ಮ ಕೊಂಬು, ಒತ್ತು, ಗುಡಿಸು ಯಾವ ಚೌಕಕ್ಕೆ ಸೇರಿದ್ದು ಎಂಬುದರಲ್ಲಿ ಶೆಲ್ಲಿಗೂ ಟರ್ಮಿನಲ್ಲಿಗೂ ಎಷ್ಟೋ ಕಡೆ ಒಮ್ಮತವಿಲ್ಲ. ಕರ್ಸರ್ ಕಾಣುವುದು ಒಂದು ಕಡೆ, ಅಕ್ಷರ ಬೀಳುವುದು ಇನ್ನೊಂದು ಕಡೆ. ‘ಕ್ಷಿ’ ಎಂಬ ಒಂದೇ ಅಕ್ಷರವನ್ನು ದಾಟಲು ಬಾಣದ ಕೀಲಿ ನಾಲ್ಕು ಸಲ ಒತ್ತಬೇಕಾಗುತ್ತದೆ. ‘ಬೆಂಗಳೂರು’ ಎಷ್ಟುದ್ದ ಎಂದು ಕೇಳಿದರೆ ಎಂಟು ಎನ್ನುತ್ತದೆ. ಒಂದನೇ ಕ್ಲಾಸಿನ ಮಗು ನಾಲ್ಕು ಎನ್ನುತ್ತದೆ.

ಇದನ್ನು ಯಾರು ಸರಿಮಾಡಬೇಕು? ಪೈಥಾನ್ ಹುಟ್ಟಿದ ಆಮ್‌ಸ್ಟರ್‌ಡ್ಯಾಮಿನವರೇ? ಮುಕ್ತ ತಂತ್ರಾಂಶ ಇದು, ತಿದ್ದಿ ಕಳಿಸಿದರೆ ತೆಗೆದುಕೊಳ್ಳುತ್ತಾರೆ. ಐಟಿ ರಾಜಧಾನಿ ಎಂದು ಎದೆ ತಟ್ಟಿಕೊಳ್ಳುವ ಊರು ನಮ್ಮದು. ನವೆಂಬರಿನಲ್ಲಿ ಕಚೇರಿಯ ಲಾಬಿಗೆ ಕೆಂಪು ಹಳದಿ ಬಟ್ಟೆ ಕಟ್ಟಿಸಿ, ಭುವನೇಶ್ವರಿಗೆ ಹಾರ ಹಾಕಿ, ಲಿಫ್ಟ್ ಹತ್ತಿ ಮೇಲೆ ಹೋಗಿ ಕೂತವರಲ್ಲಿ ಎಷ್ಟು ಮಂದಿ ಆ ಮೂರು ಬಾಣಗಳ ಮುಂದೆ ಒಂದು ಕನ್ನಡ ಅಕ್ಷರ ಬರೆದು ನೋಡಿದ್ದಾರೆ? ಬರೆದಿದ್ದರೆ ತಾನೆ ಕರ್ಸರ್ ಜಾರಿದ್ದು ಕಾಣುವುದು.